ಒಡೆಯದ ದೀಪದ ಕ್ಲೇಮು

"ನಾನು ಆ ಕಾರನ್ನ ಎಲ್ಲೂ ಗುದ್ದಿಲ್ಲ ಅಮ್ಮಾ! ಒಂದು ಗೀರೂ ಬಿದ್ದಿಲ್ಲ. ಆದ್ರೂ ಇನ್ಶೂರೆನ್ಸ್ ಪ್ರೀಮಿಯಂ ಸಿಕ್ಕಾಪಟ್ಟೆ ಏರಿಸಿದ್ದಾರೆ. ಯಾಕೆ ಅಂತ ಕೇಳಿದ್ರೆ, ಹೋದ ವರ್ಷ ನೀವೇ ಕ್ಲೇಮ್ ಮಾಡಿದ್ರಲ್ಲ ಅಂತಾರೆ!"

ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಇಷ್ಟನ್ನೂ ಹೇಳಿದ ನರ್ಸನ್ನು ಪುಟ್ಟಿ ಒಳಗೆ ಕರೆದು ಕೂರಿಸಿದಳು. ಪುಟ್ಟಿಗೆ ನಲವತ್ತು ದಾಟಿತ್ತು, ಸ್ವಂತ ಔಷಧಿ ಅಂಗಡಿಯಿತ್ತು. ಆದರೂ ದೊಡ್ಡಮ್ಮನ ಬಾಯಲ್ಲಿ ಪುಟ್ಟಿಯೇ. ದೊಡ್ಡಮ್ಮ ವಿಮಾ ಕಂಪನಿಗಳಿಗಾಗಿ ಗುದ್ದಿದ ವಾಹನಗಳನ್ನು ಪರೀಕ್ಷಿಸುವ ಸರ್ವೇಯರ್ ಆಗಿದ್ದವರು. ನಿವೃತ್ತಿಯ ನಂತರವೂ ಜನ ಅವರನ್ನು ಬಿಟ್ಟಿರಲಿಲ್ಲ.

ನರ್ಸ್ ನಡೆದಾಡಲಾಗದ ರೋಗಿಗಳನ್ನು ತನ್ನ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ವಿಮೆಯ ಕಂತು ಕಟ್ಟದಿದ್ದರೆ ಕಾರು ನಿಲ್ಲಬೇಕು. ಕಾರು ನಿಂತರೆ ಅವಳ ಕೆಲಸವೂ ನಿಂತಂತೆ.

"ಏಜೆಂಟ್ ಮೇಲೇ ನಂಗೆ ಅನುಮಾನ. ಬರೀ ಬೆಣ್ಣೆ ಮಾತು," ಎಂದಳು. "ಕಾಗದ-ಪತ್ರ ಎಲ್ಲಾ ನನ್ನ ತಮ್ಮ ನೋಡ್ಕೋತಾನೆ. ಕಂಪನಿಗೂ ಅವನ ಫೋನ್ ನಂಬರೇ ಕೊಟ್ಟಿದ್ದೀನಿ. ಅವನಿಗೂ ಏನೂ ಗೊತ್ತಿಲ್ವಂತೆ, ಪಾಪ."

ಕಂಪನಿ ಕಳಿಸಿದ್ದ, ಆ ಕ್ಲೇಮಿನ ಚಿತ್ರವನ್ನು ಅವಳು ಫೋನಿನಲ್ಲಿ ತೋರಿಸಿದಳು. ಬೂದು ಬಣ್ಣದ ಕಾರು, ಅವಳದೇ ನಂಬರ್, ಎಡಗಡೆಯ ದೀಪ ನುಚ್ಚುನೂರು. ಮುಂದಿನ ಗಾಜಿನಾಚೆ ಹಿಂದಿನ ಸೀಟಿನ ಎರಡು ತಲೆದಿಂಬುಗಳು ಎದ್ದು ಕಾಣುತ್ತಿದ್ದವು.

ದೊಡ್ಡಮ್ಮ ಬೀದಿಗಿಳಿದರು. ನರ್ಸಿನ ಕಾರಿನ ಎರಡೂ ದೀಪಗಳು ಬಿಸಿಲು ತಿಂದು ಮಂಕಾಗಿದ್ದವು. ಹಿಂದೆ ಸೀಟೇ ಇರಲಿಲ್ಲ; ಅಲ್ಲೊಂದು ಗಾಲಿಕುರ್ಚಿ ಮಡಿಸಿಟ್ಟಿತ್ತು.

"ಸೀಟು ಯಾವಾಗ ತೆಗೆಸಿದ್ದು?"

"ಈ ಕೆಲಸ ಶುರುಮಾಡಿದಾಗಲೇ. ನಾಲ್ಕು ವರ್ಷ ಆಯ್ತು."

"ನಾಳೆ ನಿನ್ನ ತಮ್ಮನ್ನೂ ಏಜೆಂಟನ್ನೂ ಇಲ್ಲಿಗೆ ಕರೆಸಮ್ಮ."

ಮರುದಿನ ಏಜೆಂಟ್ ಹಲ್ಲು ಕಿರಿಯುತ್ತಾ ಬಂದ. ತಮ್ಮ ತನ್ನ ಕಾರಿನಲ್ಲಿ ಬಂದಿಳಿದ. ದೊಡ್ಡಮ್ಮನ ಪಕ್ಕ ನಿಂತು ಕಿಟಕಿಯಿಂದ ನೋಡುತ್ತಿದ್ದ ಪುಟ್ಟಿಗೆ ಅದೂ ಬೂದು ಬಣ್ಣದ್ದೇ, ಅಕ್ಕನದರ ಜೋಡಿಯಂತೆಯೇ ಇರುವುದು ಕಂಡಿತು. ಬಲದೀಪ ಹಳದಿಗಟ್ಟಿತ್ತು, ಎಡದ್ದು ಮಾತ್ರ ತೊಳೆದಿಟ್ಟ ಲೋಟದಂತೆ ಹೊಳೆಯುತ್ತಿತ್ತು.

"ಅಕ್ಕನ ಕಾರಿನ ವಿಮೆ ನಿಮ್ಮದು. ತಮ್ಮಂದು?" ದೊಡ್ಡಮ್ಮ ಏಜೆಂಟನ್ನು ಕೇಳಿದರು.

"ಅವ್ರು ಎಲ್ಲೂ ಮಾಡ್ಸಲ್ಲ ಮೇಡಂ. ದಂಡ ಅಂತಾರೆ."

"ಹಾಗಾದ್ರೆ ಕೇಳಿ. ಚಿತ್ರದಲ್ಲಿರೋ ಕಾರಿಗೆ ಹಿಂದಿನ ಸೀಟಿದೆ, ಈಕೆಯದಕ್ಕೆ ಇಲ್ಲ. ಅಂದ್ರೆ ಕಾರು ಬೇರೆ, ನಂಬರ್ ಪ್ಲೇಟ್ ಮಾತ್ರ ಈಕೆಯದು. ಕ್ಲೇಮಿನಲ್ಲಿ ಎಡದೀಪ ಹೊಸದು ಹಾಕಿಸಿದ್ದಾರೆ, ಈಕೆಯದು ಎರಡೂ ಹಳೇದೇ. ಹಾಗಿದ್ರೆ ಆ ಹೊಸ ದೀಪ ಎಲ್ಲಿದೆ? ಒಂದು ಕಣ್ಣಷ್ಟೇ ಹೊಳೆಯೋ ಕಾರು ಈಗ ನಮ್ಮ ಗೇಟಿನ ಮುಂದಿದೆ. ಪ್ಲೇಟು ಬಿಚ್ಚೋಕೆ ಅಕ್ಕನ ಕಾರು ಕೈಗೆ ಸಿಗಬೇಕು, ಕಂಪನಿ ಫೋನ್ ಮಾಡಿದ್ರೆ ಹೌದು ಅನ್ನೋಕೆ ಅವಳ ಹೆಸರಲ್ಲಿ ಕಂಪನಿಗೆ ಕೊಟ್ಟ ಫೋನ್ ಕೈಲಿರಬೇಕು. ಎರಡೂ ಇದ್ದದ್ದು ಒಬ್ಬನಿಗೆ. ಕಾರಿನ ಮೈಮೇಲೆ ಕೆತ್ತಿರೋ ಚಾಸಿ ನಂಬರ್ ನೋಡ್ಬೇಕಿದ್ದ ಕಂಪನಿಯ ಸರ್ವೇಯರ್ ಗ್ಯಾರೇಜಲ್ಲಿ ಕಾಫಿ ಕುಡಿದು ಎದ್ದುಹೋಗಿದ್ದಾರೆ."

ಎಲ್ಲರೂ ತಮ್ಮನನ್ನೇ ನೋಡಿದರು. ಅವನು ನಾಚಿಕೊಳ್ಳಲೂ ಇಲ್ಲ.

"ಅದ್ರಲ್ಲೇನಿದೆ? ಇಷ್ಟು ವರ್ಷ ಕಟ್ಟಿದ್ಲು, ಒಂದ್ಸಲಾನೂ ಉಪಯೋಗಿಸಿರ್ಲಿಲ್ಲ. ಸುಮ್ನೆ ಹಾಳಾಗ್ತಿತ್ತು. ಹೊರಗಿನವರು ತಿಂದಿದ್ರೆ ಬೇರೆ ಮಾತು."

ಪುಟ್ಟಿ ಅವನಿಗೆಂದು ತಂದಿದ್ದ ಕಾಫಿಯನ್ನು ವಾಪಸ್ಸು ಒಯ್ದು ಸಿಂಕಿಗೆ ಸುರಿದಳು. ಅವಳು ಹಿಂತಿರುಗುವಷ್ಟರಲ್ಲಿ ದೊಡ್ಡಮ್ಮ ಏಜೆಂಟನ ಕಡೆ ತಿರುಗಿದ್ದರು.

"ನೀನೇನೂ ಸಾಚಾ ಅಲ್ಲಪ್ಪ. ಪಾಲಿಸಿ ಓದಿದೆ, ಇಷ್ಟು ಹಳೇ ಕಾರಿಗೆ ಹೊಸ ಕಾರಿಗೆ ಮಾಡೋ ಹೆಚ್ಚುವರಿ ವಿಮೆಗಳನ್ನೆಲ್ಲ ಹೇರಿದ್ದೀಯ. ಕಮಿಷನ್ ಆಸೆಗೆ ಈ ಹೆಣ್ಣುಮಗಳ ರಕ್ತ ಹೀರಿದ್ದೀಯ."

ಏಜೆಂಟನ ನಗು ಇಂಗಿತು.

ದೊಡ್ಡಮ್ಮ ನರ್ಸಿಗೆ ಮೆಲ್ಲಗೆ ಹೇಳಿದರು: "ಆ ಬೇಡದ್ದನ್ನೆಲ್ಲ ತೆಗೆಸಮ್ಮ. ಸಣ್ಣಪುಟ್ಟ ರಿಪೇರಿ ಖರ್ಚು ನಂದೇ ಅಂತ ಒಪ್ಕೊಂಡ್ರೆ ಕಂತು ಇನ್ನೂ ಇಳಿಯುತ್ತೆ. ನಾಲ್ಕು ಕಡೆ ದರ ಕೇಳು. ಆದ್ರೆ ಕ್ಲೇಮ್ ಮಾಡದವರಿಗೆ ಸಿಗೋ ರಿಯಾಯಿತಿ ವಾಪಸ್ ಬೇಕಂದ್ರೆ ಕ್ಲೇಮು ಸುಳ್ಳು ಅಂತ ನೀನೇ ದೂರು ಕೊಡ್ಬೇಕು. ಯಾರು ಮಾಡಿದ್ದು ಅಂತಾನೂ ಹೇಳ್ಬೇಕು."

ಆಗ ಮಾತ್ರ ತಮ್ಮನ ಮುಖ ಕಪ್ಪಿಟ್ಟಿತು. "ಅಕ್ಕಾ, ಬೇಡ. ಅಮ್ಮನ ಮುಖ ನೋಡಿಯಾದ್ರೂ ಬಿಟ್ಬಿಡು. ಅವಳಿಗೆ ಗೊತ್ತಾದ್ರೆ ತಡ್ಕೊಳ್ಳಲ್ಲ."

ನರ್ಸ್ ಎದ್ದಳು. ಅವನು ಹಿಡಿದುಕೊಂಡಿದ್ದ ತನ್ನ ಸೆರಗನ್ನು ಹೊಲಸು ತಾಗಿದಂತೆ ಕೊಡವಿ ಬಿಡಿಸಿಕೊಂಡಳು.

"ಅಮ್ಮನಿಗೆ ನೀನೇ ಹೋಗಿ ಹೇಳು," ಎಂದಳು. "ಕಂಪನಿಗೆ ನಾನು ಹೇಳ್ತೀನಿ."