ಮುಚ್ಚಳದಡಿಯ ಉಸಿರು

ಅವನು ಬಾಗಿಲು ತಳ್ಳಿ ಒಳಗೆ ಬಂದಾಗ ಬಿಯರಂಗಡಿಯಲ್ಲಿದ್ದವರೆಲ್ಲ ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಕೋಟಿನ ಎಡ ಅಂಚನ್ನು.

ಅಲ್ಲಿಂದ ನೀರು ತೊಟ್ಟಿಕ್ಕುತ್ತಿತ್ತು...

ಕೋಟು ಹಸಿರು. ಭುಜಕ್ಕೆ ಒಂದು ಚೀಲ. ಎದೆಗೆ ಅವುಚಿಕೊಂಡಿದ್ದು ಮುಚ್ಚಳ ಹಾಕಿ ಬಟ್ಟೆ ಬಿಗಿದ ಒಂದು ಪಿಂಗಾಣಿ ಭರಣಿ.

ಒಲ್ಶಿ ಊರಿನ ಮಕ್ಕಳಿಗೂ ಗೊತ್ತಿರುವ ಮಾತಿದು. ಕೆರೆಭೂತ ಮನುಷ್ಯನ ವೇಷದಲ್ಲಿ ಬಿಯರ್ ಕುಡಿಯಲು ಬರುತ್ತದೆ. ಹಸಿರು ಕೋಟು ಹಾಕುತ್ತದೆ. ಎಷ್ಟು ಬಿಸಿಲಿದ್ದರೂ ಕೋಟಿನ ಎಡ ಅಂಚು ಒಣಗುವುದಿಲ್ಲ. ಸತ್ತವರ ಪ್ರಾಣವನ್ನು ಅದು ಕೆರೆಯ ತಳದಲ್ಲಿ, ಮುಚ್ಚಳದ ಭರಣಿಗಳಲ್ಲಿ ಕೂಡಿಡುತ್ತದೆ.

ಅಂದು ಸತ್ತವರ ದಿನ. ಸ್ಮಶಾನದಲ್ಲಿ ದೀಪ ಹಚ್ಚಿ ಬಂದವರ ಬೆರಳಲ್ಲಿ ಮೇಣದ ವಾಸನೆ ಇನ್ನೂ ಹೋಗಿರಲಿಲ್ಲ. ಕೆರೆಯಿಂದ ಎದ್ದ ಮಂಜು ಮಧ್ಯಾಹ್ನಕ್ಕೇ ಬಂದು ಕಿಟಕಿಗಳಿಗೆ ಮುಖ ಒತ್ತಿ ನಿಂತಿತ್ತು.

ಈರುಳ್ಳಿಯ ಜೊತೆ ಹುಳಿನೀರಿನಲ್ಲಿ ನೆನೆಸಿದ ಸಾಸೇಜಿಗೆ ಆ ಸೀಮೆಯಲ್ಲಿ ‘ಮುಳುಗಿದವ’ ಎಂದೇ ಹೆಸರು. ಅದನ್ನು ತಿನ್ನುತ್ತಿದ್ದ ಓಟ್ಲಾ ಅತ್ತೆ ತಟ್ಟೆಯನ್ನು ದೂರ ತಳ್ಳಿದಳು. "ಹೆದ್ವಿಕಾ, ಇವತ್ತು ಈ ಮುಳುಗಿದವನು ನನಗೆ ಬೇಡ ಕಣೇ. ತಗೊಂಡೋಗು," ಎಂದಳು ಮೆಲ್ಲಗೆ.

ಅಂಗಡಿ ನಡೆಸುವ ಹೆದ್ವಿಕಾ ತಟ್ಟೆ ತೆಗೆಯಲಿಲ್ಲ. ಅವಳ ಕಣ್ಣು ಆ ಭರಣಿಯ ಮೇಲಿತ್ತು.

ಬಂದವನು ಯಾರನ್ನೂ ದಿಟ್ಟಿಸದೆ ಒಲೆಯ ಪಕ್ಕದ ಮೇಜಿಗೆ ಹೋದ. ಅಲ್ಲಿ ಖಾಲಿಯಿದ್ದದ್ದು ಒಂದೇ ಕುರ್ಚಿ. ಅದರ ಮುಂದೆ ನೊರೆ ತುಂಬಿದ ಒಂದು ಮಗ್ಗು. ಆ ಸೀಮೆಯ ಯಾವ ಬಿಯರಂಗಡಿಯಲ್ಲೂ ಕೂತವನು ಕೇಳಬೇಕಿಲ್ಲ. ಬಿಯರ್ ತಾನಾಗಿ ಮುಂದೆ ಬಂದಿರುತ್ತದೆ. ಅವನೂ ಹಾಗೆಂದುಕೊಂಡ. ಕೂತ. ಮಗ್ಗೆತ್ತಿ ಅರ್ಧ ಕುಡಿದ.



ಅದು ಹೆದ್ವಿಕಾಳ ಅಪ್ಪ ವೆಂಡೆಲಿನ್‌ರ ಮಗ್ಗು. ನಿತ್ಯ ಬರುವವರ ಮಗ್ಗುಗಳು ಗಲ್ಲಾದ ಮೇಲಿನ ಕೊಕ್ಕೆಗಳಲ್ಲಿ ತೂಗುತ್ತವೆ. ಸತ್ತವನ ಮಗ್ಗನ್ನು ವರ್ಷಕ್ಕೊಮ್ಮೆ ಈ ದಿನ ಇಳಿಸಿ, ತುಂಬಿಸಿ, ಅವನ ಜಾಗದಲ್ಲಿಡುತ್ತಾರೆ. ಮುಟ್ಟುವವರಿಲ್ಲ.

"ಇದು ವೆಂಡೆಲಿನ್ ಅವರ ಬಿಯರ್ ಅಲ್ಲ," ಅಂದ ಅವನು, ಬೇಸರದಿಂದ.

ಹೆದ್ವಿಕಾ ಮೇಜಿನ ಬಳಿ ಬಂದು ನಿಂತಳು. "ಅಲ್ಲ. ಕಾರ್ಖಾನೆದು. ಅಪ್ಪ ಹೋಗಿ ಎರಡು ವರ್ಷ ಆಯ್ತು. ನೀವು ಕುಡಿದಿದ್ದು ಅವರ ಪಾಲು."

ಅವನ ಮುಖದ ರಕ್ತ ಇಳಿದದ್ದನ್ನು ಅವಳು ನೋಡಿದಳು. ಮಗ್ಗನ್ನು ಎರಡೂ ಕೈಯಿಂದ ಮೆಲ್ಲಗೆ ಕೆಳಗಿಟ್ಟು ಅವನು ಎದ್ದು ನಿಂತ. ತೊಟ್ಟಿ ತೊಳೆಯುವ ಸೋಡಾಪುಡಿಗೆ ಒಡೆದ ಬೆರಳುಗಳು, ಉಗುರಿನ ಸಂದಿಯಲ್ಲಿ ಸೇರಿಕೊಂಡ ಮಾಲ್ಟಿನ, ಎಂದರೆ ಮೊಳೆಸಿ ಒಣಗಿಸಿದ ಬಾರ್ಲಿಯ, ಕಂದು... ಅಪ್ಪನ ಕೈಗಳೂ ಹೀಗೇ ಇದ್ದವು.

ಆಗ ಮೇಜಿನ ಮೇಲಿದ್ದ ಭರಣಿಯ ಮುಚ್ಚಳ ತಾನಾಗಿ ಅಲುಗಿತು.

ಟಕ್... ಟಕ್.

ಓಟ್ಲಾ ಅತ್ತೆ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ವಾವ್ರಾ ತಾತ ಮಾತ್ರ ಕದಲಲಿಲ್ಲ. ಊರಿನ ಕೆರೆ ಕಾಯುವ ಮುದುಕ ಆತ. ಎರಡು ವರ್ಷದ ಹಿಂದೆ, ವೆಂಡೆಲಿನ್ ಸತ್ತ ಸಂಜೆ, ಅಂಗಡಿಯ ಹಿತ್ತಿಲ ಬಾಗಿಲಿನಿಂದ ಒಬ್ಬ ಹಸಿರು ಕೋಟಿನವನು ಭರಣಿ ಅವುಚಿಕೊಂಡು ಮಂಜಿನೊಳಗೆ ಹೋದದ್ದನ್ನು ಕಂಡು ಊರಿಗೆ ಹೇಳಿದವನು ಅವನೊಬ್ಬನೇ.

ಆ ಸಂಜೆಯಿಂದ ಹೆದ್ವಿಕಾಳಿಗೆ ಬೇಕಿದ್ದದ್ದು ಒಂದೇ ಉತ್ತರ. ಅಪ್ಪ ಬಿದ್ದಾಗ ಆ ಮನುಷ್ಯ ಅಲ್ಲಿದ್ದನೇ? ಅಪ್ಪ ಕೂಗಿದ್ದು ಕೇಳಿಯೂ ಹೊರಟುಹೋದನೇ?

ಬಿಯರ್ ಹುದುಗುವಾಗ ನೆಲಮಾಳಿಗೆಯಲ್ಲಿ ಭಾರದ ಗಾಳಿ ಕೂಡುತ್ತದೆ. ಕಣ್ಣಿಗೆ ಕಾಣದು, ಮೂಗಿಗೆ ಹತ್ತದು. ಅದಕ್ಕೇ ಮೇಣದ ಬತ್ತಿಯ ಲಾಂದ್ರ ಹಿಡಿದು ಇಳಿಯುವುದು; ಜ್ವಾಲೆ ಕುಗ್ಗಿದರೆ ಹಿಂದಿರುಗುವುದು. ಇನ್ನೊಬ್ಬರು ಮೆಟ್ಟಿಲ ಮೇಲೆ ನಿಂತು ಕೂಗಬೇಕು, ಇಳಿದವರು ಓಗೊಡಬೇಕು. ವೆಂಡೆಲಿನ್ ಮಾತಿನಲ್ಲಿ ಓಗೊಡುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ಮರದ ತೊಟ್ಟಿಯನ್ನು ಎರಡು ಸಲ ತಟ್ಟುತ್ತಿದ್ದರು. ಟಕ್, ಟಕ್. ಇದ್ದೀನಿ ಎಂದರ್ಥ.

ಮೇಲೆ ನಿಲ್ಲುವವಳು ಹೆದ್ವಿಕಾ. ಆ ದಿನ ಗೆಳತಿಯ ಮದುವೆಯ ಉಡುಪು ನೋಡಲು ಪೇಟೆಗೆ ಹೋಗಿದ್ದಳು. ಬರುವಷ್ಟರಲ್ಲಿ ಅಪ್ಪ ಕೊನೆಯ ಮೆಟ್ಟಿಲ ಕೆಳಗೆ ಮಲಗಿದ್ದರು. ಅಂಗಡಿಯ ಗೋಡೆಯಲ್ಲಿ ಅದನ್ನು ತೂಗಿಹಾಕುವ ಮೊಳೆಯಲ್ಲಿ ಲಾಂದ್ರ ಇರಲಿಲ್ಲ. ಅಪ್ಪನ ಬಳಿಯೂ ಇರಲಿಲ್ಲ. ಎಲ್ಲೂ ಇರಲಿಲ್ಲ. ದೀಪವನ್ನೂ ಪ್ರಾಣವನ್ನೂ ಕೆರೆಭೂತ ಒಟ್ಟಿಗೇ ಒಯ್ದಿತು ಎಂದಿತ್ತು ಊರು. ಅಂದಿನಿಂದ ಆಕೆ ಆ ಮೆಟ್ಟಿಲು ಇಳಿದಿಲ್ಲ. ತೊಟ್ಟಿಗಳಲ್ಲಿದ್ದದ್ದು ಹಾಳಾಯಿತು. ವಾವ್ರಾ ತಾತ, ಓಟ್ಲಾ ಅತ್ತೆಯಂಥ ನಾಲ್ಕು ಜನ ಬರಿಯ ಋಣಕ್ಕೆ ಬಂದು ಕಾರ್ಖಾನೆಯ ಬಿಯರ್ ಕುಡಿಯುತ್ತಿದ್ದರು.

"ಅಪ್ಪ ನೆಲಮಾಳಿಗೇಲಿ ಬಿದ್ದ ದಿನ ನೀವು ಬಂದಿದ್ರಿ," ಅಂದಳು ಹೆದ್ವಿಕಾ. ಪ್ರಶ್ನೆಯಾಗಿರಲಿಲ್ಲ ಅದು.

ಬಂದಿದ್ದೆ ಎಂದ ಅವನು. ಹೆಸರು ಹಿನೆಕ್. ಗುಡ್ಡದಾಚೆಯ ಹಳೆಯ ಗಿರಣಿಯಲ್ಲಿ ಬಿಯರ್ ಕಾಯಿಸುವವನು. ಆ ವರ್ಷ ಅವನ ಯೀಸ್ಟಿಗೆ, ಎಂದರೆ ಬಿಯರಿನ ಹೆಪ್ಪಿಗೆ, ಹುಳಿ ಹತ್ತಿತ್ತು. ಹೆಪ್ಪು ಕೆಟ್ಟ ಮನೆಯವರು ನೆರೆಯವರಲ್ಲಿ ಬೇಡುವುದು ವಾಡಿಕೆ. ಅದಕ್ಕೆ ಬೆಲೆಯಿಲ್ಲ. ಧನ್ಯವಾದವನ್ನಂತೂ ಹೇಳಲೇಬಾರದು, ಹೇಳಿದರೆ ಹೆಪ್ಪು ಸಾಯುತ್ತದೆ. ಬಿಯರ್ ನೆಟ್ಟಗಾದ ಮೇಲೆ ಅದೇ ಭರಣಿಯಲ್ಲಿ ಹಿಂದಕ್ಕೆ ತಂದುಕೊಡಬೇಕು. ಅವನ ಬಿಯರ್ ನೆಟ್ಟಗಾದದ್ದು ಈ ಬೇಸಿಗೆಯಲ್ಲಿ. ಕೆಟ್ಟ ಬಿಯರ್ ಕಾಯಿಸುತ್ತ ಆ ಹಿರಿಯರಿಗೆ ಮುಖ ತೋರಿಸಲು ನಾಚಿಕೆಯಾಗಿತ್ತು ಎಂದ. ಗುಡ್ಡದಾಚೆಗೆ ಸಾವಿನ ಸುದ್ದಿ ಮುಟ್ಟಿರಲಿಲ್ಲ.

ಹಾಗಾದರೆ... ಭರಣಿಯೊಳಗೆ ಉಸಿರಾಡುತ್ತಿರುವುದು...

"ಅಪ್ಪನ ಹೆಪ್ಪಾ?" ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ.

"ಅವರದ್ದೇ. ಒಂದು ದಿನಾನೂ ಉಪವಾಸ ಕೆಡವಿಲ್ಲ."

ಅವಳ ಎದೆ ಒಂದು ಗಳಿಗೆ ಹಗುರವಾಯಿತು. ಆಗಲೇ ಅವನು ಭುಜದ ಚೀಲ ಇಳಿಸಿ, ಬಟ್ಟೆ ಸುತ್ತಿದ ಇನ್ನೊಂದು ವಸ್ತುವನ್ನು ಹೊರತೆಗೆದ. ಬಟ್ಟೆ ಬಿಚ್ಚಿದ. ಅಪ್ಪನ ಲಾಂದ್ರ.

"ಇದನ್ನೂ ಕೊಟ್ಟಿದ್ರು. ಕೆರೆ ಏರಿ ಮೇಲೆ ಮಂಜು ದಟ್ಟವಾಗಿತ್ತು. ಟಾರ್ಚ್ ಬೆಳಕು ಮಂಜಲ್ಲಿ ಗೋಡೆ ಆಗುತ್ತೆ ಮಗಾ, ಬತ್ತಿ ಆದ್ರೆ ಕಾಲಡಿ ತೋರಿಸುತ್ತೆ ಅಂದ್ರು. ನಿಮಗೆ ಬೇಡ್ವಾ ಅಂದೆ. ನನ್ನ ನೆಲಮಾಳಿಗೆ ನನಗೆ ಗೊತ್ತಿಲ್ವಾ ಅಂತ ನಕ್ಕರು..."

ಮಾತು ಅಲ್ಲೇ ನಿಂತಿತು. ಮೊಳೆ ಖಾಲಿಯಾಗಿ ನಿಂತಿದ್ದ ಗೋಡೆಯನ್ನು ಅವನು ನೋಡಿದ. ಹೆದ್ವಿಕಾಳನ್ನು ನೋಡಿದ. ತಾನೇನು ಹೊತ್ತು ತಂದಿದ್ದೇನೆಂದು ಅವನಿಗೆ ತಿಳಿದದ್ದು ಆಗ.

ಅವಳಿಗೂ ಆಗಲೇ ತಿಳಿಯಿತು.

"ಅವರ ಬೆಳಕು ತಗೊಂಡು ಹೋದ್ರಿ," ಅಂದಳು. "ಹೊರಡಿ."

ಅವನು ಹೊರಟ. ಭರಣಿ, ಲಾಂದ್ರ ಮೇಜಿನ ಮೇಲೇ ಉಳಿದವು. ಅವನು ಕೂತಿದ್ದಲ್ಲಿ ನೆಲದ ಮೇಲೊಂದು ಸಣ್ಣ ನೀರಿನ ಕೆರೆ ಉಳಿಯಿತು.

ಅದೇ ವಾರದಿಂದ ಕೆರೆ ಏರಿಯ ಮೇಲೆ ಒಂದು ಆಕೃತಿ ಕಾಣತೊಡಗಿತು.

ಶನಿವಾರದ ಸಂಜೆ, ಬೆಳಕಿರುವಾಗಲೇ, ಮಂಜಿನಲ್ಲಿ ನೀರಿನಿಂದ ಎದ್ದು ಬಂದಂತೆ ಅದು ನಿಂತಿರುತ್ತಿತ್ತು. ಬೆನ್ನು ಗೂನಿಯಾಗಿ ಊದಿರುತ್ತಿತ್ತು. ಅಂಗಡಿಯತ್ತ ಮುಖ ಮಾಡಿರುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ. ಕತ್ತಲಿಳಿಯುವ ಮುಂಚೆ ಬಂದ ದಾರಿಯಲ್ಲೇ ಕರಗಿಹೋಗುತ್ತಿತ್ತು. ಬೆನ್ನ ಮೇಲೆ ಹೆಣ ಹೊತ್ತು ತಿರುಗುತ್ತಿದೆ ಎಂದು ಓಟ್ಲಾ ಅತ್ತೆ ಆಣೆಯಿಟ್ಟು ಹೇಳಿದಳು. ನಿನ್ನನ್ನು ಹೊರುವಷ್ಟು ಬಲ ಯಾವ ಭೂತಕ್ಕೂ ಇಲ್ಲ, ನೀನು ನಿಶ್ಚಿಂತೆಯಾಗಿರು ಎಂದ ವಾವ್ರಾ ತಾತ.

ಹೆದ್ವಿಕಾ ನಗಲಿಲ್ಲ. ಭರಣಿಯನ್ನು ಅಡುಗೆಮನೆಯ ತಣ್ಣನೆಯ ಕಿಟಕಿಯಲ್ಲಿಟ್ಟಿದ್ದಳು. ಈರುಳ್ಳಿ ಹೆಚ್ಚುವಾಗ, ಮಗ್ಗು ತೊಳೆಯುವಾಗ, ಅದು ಬೆನ್ನ ಹಿಂದೆ ತಟ್ಟುತ್ತಿತ್ತು. ಟಕ್... ಟಕ್. ಅವಳು ತಿರುಗದೆಯೇ, ತನಗರಿವಿಲ್ಲದೆಯೇ, "ಹೂಂ ಅಪ್ಪಾ," ಎನ್ನುತ್ತಿದ್ದಳು. ಆಮೇಲೆ ಮೈ ಜುಮ್ಮೆನ್ನುತ್ತಿತ್ತು.

ದಿನ ಕಳೆದಂತೆ ಆ ಸದ್ದಿನ ನಡುವಿನ ಮೌನ ಉದ್ದವಾಯಿತು. ಒಂದು ಶನಿವಾರ ಬೆಳಗಿನಿಂದ ಅದು ತಟ್ಟಲೇ ಇಲ್ಲ.

ವಾವ್ರಾ ತಾತ ಬಂದು ಭರಣಿಗೆ ಕಿವಿಯಿಟ್ಟ. "ಹೋಗಿಲ್ಲ. ಹಸಿದಿದೆ ಅಷ್ಟೆ. ಇದಕ್ಕೆ ಅನ್ನ ಹಾಕ್ಬೇಕು ಮಗಳೇ, ಹೊಸ ಮಾಲ್ಟಿನ ನೀರು. ಇಲ್ಲಾಂದ್ರೆ ನಿಮ್ಮಪ್ಪ ಎರಡನೇ ಸಲ ಸಾಯ್ತಾನೆ."

"ನಾನು ಕೆಳಗೆ ಇಳಿಯಲ್ಲ ತಾತ."

ತಾತ ಭರಣಿಯಿಂದ ಕಿವಿ ತೆಗೆದು ಅವಳ ಕಡೆ ತಿರುಗಿದ. ಆಮೇಲೆ ಹೇಳಿದ: ಆ ಸಂಜೆ ಹಸಿರು ಕೋಟಿನವನ ಹಿಂದೆ ಹಿತ್ತಿಲ ಬಾಗಿಲಲ್ಲಿ ವೆಂಡೆಲಿನ್ ನಿಂತು ಕೈ ಬೀಸಿದ್ದನ್ನೂ ತಾನು ನೋಡಿದ್ದೆ. ಆ ಕೈಯನ್ನು ಬಿಟ್ಟು ಕೋಟನ್ನು ಮಾತ್ರ ಊರಿಗೆ ಹೇಳಿದ್ದೆ. ಕೈ ಬೀಸಿದ ಕಥೆಯನ್ನು ಯಾರು ಕೇಳುತ್ತಾರೆ?

ಹೆದ್ವಿಕಾ ಕಿಟಕಿಯ ಕಡೆ ತಿರುಗಿದಳು. ‘ಅಪ್ಪ ಕೈ ಬೀಸಿ ಕಳಿಸಿಕೊಟ್ಟರು... ನಗುತ್ತ ಬೆಳಕು ಕೊಟ್ಟರು. ಕಿತ್ತುಕೊಂಡದ್ದಲ್ಲ ಅದು. ಮೇಲೆ ನಿಲ್ಲಬೇಕಾದವಳು ನಾನು. ನನ್ನ ಮೇಲಿನ ಸಿಟ್ಟನ್ನು ಅವನ ಬೆನ್ನಿಗೆ ಹೊರಿಸಿ ಕಳಿಸಿದೆನೇ?’

ಏರಿಯ ಮೇಲೆ ಆಕೃತಿ ಆಗಲೇ ನಿಂತಿತ್ತು.

ಅವಳು ಲಾಂದ್ರ ಹಚ್ಚಿಕೊಂಡು ಹೊರಗೆ ನಡೆದಳು. ಮಂಜು ಸೊಂಟದವರೆಗೆ ಬಂತು, ಭುಜದವರೆಗೆ ಬಂತು. ಬತ್ತಿ ನಿಜಕ್ಕೂ ಕಾಲಡಿಯನ್ನಷ್ಟೇ ತೋರಿಸುತ್ತಿತ್ತು. ಒಂದು ಕಡೆ ಕಪ್ಪು ನೀರು ಸದ್ದಿಲ್ಲದೆ ಕಾಯುತ್ತಿತ್ತು. ಆಕೃತಿ ದೊಡ್ಡದಾಯಿತು... ಗೂನು ಬೆನ್ನು, ತೊಟ್ಟಿಕ್ಕುವ ಅಂಚು...

ಗೂನಲ್ಲ. ಮಾಲ್ಟಿನ ಮೂಟೆ.

"ವಾರ ವಾರಾನೂ ಇದನ್ನ ಹೊತ್ಕೊಂಡು ಬರ್ತಿದ್ರಾ?" ಅಂದಳು ಹೆದ್ವಿಕಾ.

"ನೀವು ಕರೆದ ದಿನ ಬರಿಗೈಲಿರಬಾರದಲ್ಲ," ಅಂದ ಹಿನೆಕ್.

"ಕರೀದೇ ಇದ್ದಿದ್ರೆ?"

"ಮುಂದಿನ ಶನಿವಾರ ಇತ್ತಲ್ಲ."

ಅವನ ಕೋಟಿನ ಎಡ ಅಂಚು ಏಕೆ ಸದಾ ಒದ್ದೆ ಎಂದು ಅವಳು ಈಗ ಕಂಡಳು. ಅಂಗಡಿಗೆ ಬರುವಾಗ ಏರಿಯ ಎಡಕ್ಕೆ ಜೊಂಡು ಆಳೆತ್ತರ ಬೆಳೆದಿತ್ತು. ಮಂಜಿನಲ್ಲಿ ದಾರಿ ತಪ್ಪದಿರಲು ಜೊಂಡಿಗೆ ಮೈ ಒರಸಿಕೊಂಡೇ ನಡೆಯುವವನು ಅವನು. ಲಾಂದ್ರವನ್ನಂತೂ ಹಿಂದಿರುಗಿಸಿಬಿಟ್ಟಿದ್ದ.

ಮರುದಿನ ಅವರು ಕಡಾಯಿಗೆ ಬೆಂಕಿ ಹಾಕಿದರು. ಎರಡು ವರ್ಷದ ಮೇಲೆ ಒಲ್ಶಿಯ ಚಿಮಣಿಯಿಂದ ಮಾಲ್ಟಿನ ಸಿಹಿ ಹೊಗೆ ಎದ್ದಿತು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನು ಓಟ್ಲಾ ಅತ್ತೆ ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿದಳು. ತನ್ನ ಪಾಲಿನ ಕೆರೆಭೂತವಾದ ಹಿನೆಕನಿಗೆ ಉಪ್ಪು ಕಡಿಮೆಯಾದ ಸೂಪ್ ಬಡಿಸಿ ಪರೀಕ್ಷಿಸಿದಳು. ಅಂಥದ್ದನ್ನೂ ಅದು ಎರಡನೇ ಸಲ ಕೇಳಿದ್ದರಿಂದ, ಈ ಹಸಿವು ಮನುಷ್ಯನದೇ ಎಂದು ತೀರ್ಮಾನಿಸಿದಳು. ಕಾಯಿಸಿದ ರಸ ತಣಿದು ಕೊಳವೆಯಲ್ಲಿ ಕೆಳಗಿನ ತೊಟ್ಟಿಗೆ ಇಳಿಯಿತು. ಉಳಿದದ್ದು ಒಂದೇ ಕೆಲಸ. ಹೆಪ್ಪು ಹಾಕುವುದು.

ತಾನು ಇಳಿಯುತ್ತೇನೆ ಎಂದ ಹಿನೆಕ್.

"ಬೇಡ. ನೀವು ಮೇಲೆ ನಿಂತ್ಕೊಳ್ಳಿ. ಆವತ್ತು ನಾನು ನಿಲ್ಲದ ಜಾಗ ಅದು."

ಅವನು ಅವಳ ಮುಖ ನೋಡಿದ. "ನಿಮ್ಮಪ್ಪನಿಗೆ ಹೇಳಬಾರದು ಅಂತ ಹೇಳದೇ ಹೋದ ಒಂದು ಮಾತಿದೆ. ನಿಮಗಾದ್ರೂ ಹೇಳಲಾ?"

"ಧನ್ಯವಾದಾನಾ? ಬೇಡ. ಹೆಪ್ಪು ಸಾಯುತ್ತೆ."

"ಮತ್ತೆ ಏನು ಹೇಳ್ಲಿ?"

"ಕೂಗಿ. ಸಾಕು."

ಅವಳು ಇಳಿದಳು. ಮೆಟ್ಟಿಲುಗಳು ಪಾಚಿಯಿಂದ ತಣ್ಣಗಿದ್ದವು. ಪ್ರತಿ ಹೆಜ್ಜೆಗೂ ಕೆಳಗಿನ ಕತ್ತಲು ಒಂದು ಮೆಟ್ಟಿಲು ಹಿಂದೆ ಸರಿಯುತ್ತಿತ್ತು. ಕೊನೆಯ ಮೆಟ್ಟಿಲಲ್ಲಿ ಜ್ವಾಲೆ ಕುಗ್ಗಿತು... ನೀಲಿಯಾಯಿತು... ಅವಳ ಕಾಲು ನಿಂತಲ್ಲೇ ನಿಂತಿತು. ಜ್ವಾಲೆ ಮತ್ತೆ ನೆಟ್ಟಗೆ ಎದ್ದಿತು.

"ಹೆದ್ವಿಕಾ, ಇದ್ದೀರಾ?"

"ಇದ್ದೀನಿ!"

ಲಾಂದ್ರವನ್ನು ನೆಲಕ್ಕಿಟ್ಟು ಅವಳು ಭರಣಿಯ ಮುಚ್ಚಳ ತೆಗೆದಳು. ರೊಟ್ಟಿ, ಸೇಬು, ಅಪ್ಪನ ಅಂಗಿಯ ತೋಳು... ಎಲ್ಲ ಸೇರಿದ ಒಂದು ವಾಸನೆ ಮುಖಕ್ಕೆ ಬಡಿಯಿತು. ಕೆನೆಯಂಥ ಹೆಪ್ಪನ್ನು ತೊಟ್ಟಿಗೆ ಸುರಿಯತೊಡಗಿದಳು. ಕಣ್ಣೀರು ಬಂದದ್ದು ಆಗ. ಎರಡು ವರ್ಷದಿಂದ ಬಾರದ್ದು.

"ಇದ್ದೀರಾ?"

ಅವಳು ಬಾಯಿ ತೆರೆಯುವ ಮೊದಲೇ ಉತ್ತರ ಹೋಯಿತು.

ಟಕ್... ಟಕ್.

ಗೋಡೆಯ ಬದಿಯ, ಒಣಗಿ ಖಾಲಿಯಾದ ತೊಟ್ಟಿಯಿಂದ.

ಮೇಲಿನಿಂದ ಹಿನೆಕನ ಧ್ವನಿ, ಸಣ್ಣಗೆ: "ತಟ್ಟಿದ್ದು... ನೀವಾ?"

ಹೆದ್ವಿಕಾ ತನ್ನ ಕೈಗಳನ್ನು ನೋಡಿಕೊಂಡಳು. ಎರಡೂ ಭರಣಿಯ ಮೇಲಿದ್ದವು. ಪಕ್ಕದಲ್ಲಿ ಜ್ವಾಲೆ ಅಲುಗದೆ ನಿಂತಿತ್ತು. ಅವಳು ಆ ತೊಟ್ಟಿಯ ಕಡೆ ತಿರುಗಿ ನೋಡಲಿಲ್ಲ. ನೋಡಬೇಕೆನಿಸಲಿಲ್ಲ.

"ಅಲ್ಲ," ಅಂದಳು. "ಹೆದರಬೇಡ. ನೀನು ಕೂಗ್ತಾ ಇರು."

"ಎಲ್ಲೀವರೆಗೆ?"

"ಹೆಪ್ಪು ಹತ್ತೋವರೆಗೆ."

"ಆಮೇಲೆ?"

ಅವಳು ಕಣ್ಣೊರಸಿಕೊಂಡು ಲಾಂದ್ರ ಎತ್ತಿದಳು. ಮೆಟ್ಟಿಲ ತುದಿಯಲ್ಲಿ, ಹಗಲಿನ ಬೆಳಕಿಗೆ ಅಡ್ಡವಾಗಿ, ಅವನು ಬಾಗಿ ನಿಂತಿದ್ದ.

"ಆಮೇಲೂ ಕೂಗು. ನಾನು ಇಳಿದಾಗಲೆಲ್ಲ."

ಮತ್ತೆ ಅವನ ದನಿ ಬಂತು, ಈ ಸಲ ನಡುಗದೆ.

"ಹೆದ್ವಿಕಾ, ಇದ್ದೀಯಾ?"

"ಇದ್ದೀನಿ. ನೀನು?"

"ಇಲ್ಲೇ ಇದ್ದೀನಿ. ಬೆಳಕು ನೀನೇ ಇಟ್ಕೋ, ನಿಧಾನಕ್ಕೆ ಹತ್ತು."