ಭಸ್ಮ ಹಚ್ಚಿದ ಲೆನ್ಸು

ನನ್ನ ತಮ್ಮ ಸೋಮನಾಥ ಹೋದನೆಂದು ನನಗೆ ತಿಳಿದದ್ದು ಕಾರ್ತಿಕದ ಒಂದು ಸೋಮವಾರ. ಶಿವಪೂಜೆ ಮುಗಿಸಿ ಆಗಷ್ಟೇ ಎದ್ದಿದ್ದೆ. ನರಸಿಂಹರಾಜಪುರದ ನಮ್ಮ ಮನೆಯ ಬಾಗಿಲಲ್ಲಿ ಪರಮಶಿವಯ್ಯನವರು ನಿಂತಿದ್ದರು. ತಮ್ಮನ ಗೆಳೆಯರು, ಬಾಳೆಹೊನ್ನೂರಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವರು. ನಮ್ಮ ಬಾಗಿಲ ದಾರಂದಕ್ಕೆ ತಲೆ ಬಡಿಸಿಕೊಳ್ಳದೆ ಒಳಗೆ ಬಂದದ್ದೇ ಇಲ್ಲ, ಅಷ್ಟು ಎತ್ತರ. ಅಂದು ಒಳಗೆ ಬರಲಿಲ್ಲ. ಸೋಮನಾಥನ ಕ್ಯಾಮೆರಾ ಚೀಲವನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡಿದ್ದರು.

"ಚೀಲ ಬಂತು. ಅವನೆಲ್ಲಿ?" ಎಂದೆ.

ಅವರು ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡರು. ಆಗಲೇ ನನಗೆ ತಿಳಿಯಿತು.

ಇಬ್ಬರೂ ಬೆಳಗಿನ ಜಾವವೇ ಸಿರಿಮನೆಯ ಕಾಡಿಗೆ ಹೋಗಿದ್ದರು. ಏರು ಹತ್ತುವಾಗ ಸೋಮನಾಥ ಎದೆ ಹಿಡಿದುಕೊಂಡು ಕುಸಿದ. ಜೀಪಿನಲ್ಲಿ ಶೃಂಗೇರಿ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಅಳುವಿಗಿಂತ ಮೊದಲು ನನಗೆ ಬಂದದ್ದು ಸಿಟ್ಟು. ಸೋಮನಾಥನ ಬಳಿ ಮೊದಲು ಒಂದು ಹಗುರವಾದ ಲೆನ್ಸಿತ್ತು. "ಇನ್ನೂ ದೂರದ್ದು ತಗೋ ಮಾರಾಯ, ಹಕ್ಕಿಯ ರೆಪ್ಪೆ ಕಾಣ್ತದೆ" ಎಂದು ಕಿವಿ ಊದಿ, ಸೆಕೆಂಡ್ ಹ್ಯಾಂಡ್ ಐನೂರು ಮಿಲಿಮೀಟರಿನ ಲೆನ್ಸನ್ನು ಕೊಡಿಸಿದವರು ಇವರೇ. ಅದನ್ನು ಎತ್ತಿದರೆ ತುಂಬಿದ ಕೊಡ ಎತ್ತಿದ ಹಾಗಾಗುತ್ತಿತ್ತು.

"ಈ ಭಾರ ಹೊರಿಸಿ ನನ್ನ ತಮ್ಮನ್ನ ಕೊಂದ್ರಿ. ಅಲ್ಲಿಟ್ಟು ಹೋಗಿ."

ಅವರು ಚೀಲವನ್ನು ಜಗಲಿಯ ಮೇಲಿಟ್ಟು ಅಂಗಳದಲ್ಲಿ ತಲೆ ತಗ್ಗಿಸಿ ನಿಂತರು. ಹೋಗಲೂ ಇಲ್ಲ.

*

ಶಿವಗಣಾರಾಧನೆಯ ದಿನ ತಮ್ಮನ ಫೋಟೋದ ಮುಂದೆ ಅವನು ಬಳಸಿದ್ದನ್ನೆಲ್ಲ ಇಟ್ಟೆ: ಕನ್ನಡಕ, ವಾಚು, ಆ ಲೆನ್ಸು. ಎಲ್ಲದಕ್ಕೂ ವಿಭೂತಿ ಹಚ್ಚಿದೆ. ಲೆನ್ಸಿನ ಗಾಜು ಅಂಗೈಯಷ್ಟು ಅಗಲ, ಮೂರು ಬೆರಳಿಗೆ ಹೇಳಿ ಮಾಡಿಸಿದ ಹಾಗಿತ್ತು.

ಹೂವು ಹಿಡಿದು ಬಂದ ಪರಮಶಿವಯ್ಯನವರು ಅದನ್ನು ಕಂಡು ಹೌಹಾರಿದರು.

"ಅಯ್ಯೋ ಟೀಚರ್ರೇ! ಗಾಜಿಗೆ ಯಾರಾದ್ರೂ ಭಸ್ಮ ಹಚ್ತಾರಾ?"

"ಹಣೆಗೆ ಹಚ್ಚೋದನ್ನ ಗಾಜಿಗೆ ಹಚ್ಚಿದ್ರೆ ಎಂತ ಮೈಲಿಗೆ?"

"ಮೈಲಿಗೆ ಅಲ್ಲ ಮಾರಾಯ್ರೇ, ಭಸ್ಮದಲ್ಲಿ ಹರಳು ಇರ್ತದೆ, ಗಾಜು ಗೀರ್ತದೆ. ಮುಟ್ಬೇಡಿ. ನಾನು ಗಾಳಿ ಊದಿ ತೆಗೀತೇನೆ. ದಮ್ಮಯ್ಯ, ಒರೆಸ್ಬೇಡಿ."

ಒರೆಸಬೇಡಿ ಎಂದರಲ್ಲ, ಅದಕ್ಕೇ ಒರೆಸಿದೆ. ಅವರ ಕಣ್ಣನ್ನೇ ನೋಡುತ್ತ, ಸೆರಗಿನಿಂದ, ಒತ್ತಿ ಒರೆಸಿದೆ. ಬೂದಿ ಹೋಯಿತು. ಅದಿದ್ದ ಜಾಗದಲ್ಲಿ ಸಣ್ಣ ಗೀರುಗಳು ಮೂರು ಸಾಲಾಗಿ ಉಳಿದವು. ಪರಮಶಿವಯ್ಯನವರು ಆ ಗೀರುಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಕೋಪ ಇರಬೇಕಾಗಿತ್ತು. ಇರಲಿಲ್ಲ. ಅದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

ಅಂದಿನಿಂದ ಅವರು ಸೋಮವಾರ ತಪ್ಪದೆ ಬರತೊಡಗಿದರು. ಒಮ್ಮೆ ಬಿಲ್ವಪತ್ರೆ, ಒಮ್ಮೆ ಮೋಸಂಬಿ, ಒಮ್ಮೆ ಬರಿಗೈ. ಪ್ರತಿ ಸಲವೂ ನಾನು ಬಾಯಿಗೆ ಬಂದ ಹಾಗೆ ಬೈದೆ. ಪ್ರತಿ ಸಲವೂ ಅವರು ಒಳಗೆ ಬಂದು ಕೂತು ಪೂರ್ತಿ ಕೇಳಿಸಿಕೊಂಡರು.

"ಮುಗೀತಾ?" ಎನ್ನುವರು.

"ಇವತ್ತಿಗೆ."

"ಹಾಗಾದ್ರೆ ಬರ್ತೇನೆ" ಎಂದು ದಾರಂದಕ್ಕೆ ತಲೆ ಬಡಿಸಿಕೊಂಡು ಹೊರಡುವರು. ಹಣೆ ಉಜ್ಜಿಕೊಳ್ಳುತ್ತ ಒಮ್ಮೆ ತಿರುಗಿ ನೋಡುವರು. ತಿರುಗಿ ನೋಡುತ್ತಾರೋ ಇಲ್ಲವೋ ಎಂದು ನಾನು ಕಿಟಕಿಯಲ್ಲಿ ನಿಲ್ಲತೊಡಗಿದ್ದು ಯಾವಾಗಿನಿಂದಲೋ ಕಾಣೆ.

*

ಸೋಮನಾಥನಿಗೆ ಒಂದು ಆಸೆ ಉಳಿದಿತ್ತು. ಸಿರಿಮನೆಯ ಕಾಡಿನ ಒಂದು ಧೂಪದ ಮರದ ಪೊಟರೆಯಲ್ಲಿ ವರ್ಷವರ್ಷವೂ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಗೂಡು ಮಾಡುತ್ತದೆ. ಹೆಣ್ಣು ಒಳಗೆ ಕೂತು, ಕೊಕ್ಕು ತೂರುವಷ್ಟು ಸೀಳು ಬಿಟ್ಟು, ಹಿಕ್ಕೆ ಮಣ್ಣು ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಮರಿ ಬೆಳೆಯುವ ತನಕ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತದೆ. ಹಣ್ಣು ಕೊಕ್ಕಿನಿಂದ ಕೊಕ್ಕಿಗೆ ದಾಟುವ ಆ ಚಿತ್ರ ಅವನಿಗೆ ಬೇಕಿತ್ತು. ಗೂಡಿನ ಕಾಲಕ್ಕೆ ಮೊದಲೇ ಮರ ನೋಡಿ, ಕ್ಯಾಮೆರಾ ಇಡುವ ಜಾಗ ಗುರುತು ಮಾಡಿ ಬರಲು ಹೋದವನು ಹೋಗಿಯೇಬಿಟ್ಟ.

ಆ ಚಿತ್ರವನ್ನು ನಾನೇ ತೆಗೆದು ಅವನ ಫೋಟೋದ ಪಕ್ಕ ಇಡಬೇಕೆಂದು ಮನಸ್ಸು ಮಾಡಿದೆ. ಅದಿಲ್ಲದೆ ಅವನಿಗೆ ಶಾಂತಿ ಇಲ್ಲವೆಂದು ನನಗೆ ತೋರಿತು. ಆದರೆ ಅವನನ್ನು ಕೊಂದ ಆ ಭಾರವನ್ನು ಮುಟ್ಟಲಾರೆ. ಶಿವರಾತ್ರಿ ಕಳೆದ ಮೇಲೆ ಬಾಳೆಹೊನ್ನೂರಿನ ಅಂಗಡಿಗೆ ಹೋದೆ. ಲೆನ್ಸಿನ ವಿಷಯ ಬಲ್ಲವರೂ, ಆ ಮರ ತೋರಿಸಬಲ್ಲವರೂ ಅವರೊಬ್ಬರೇ.

"ಹಗೂರದ್ದೊಂದು ಲೆನ್ಸ್ ಬೇಕು. ಆ ಹೆಣಭಾರ ಕೊಟ್ಟು ಬದ್ಲು ತಗೊಳ್ತೇನೆ."

"ಕೂತ್ಕೊಳ್ಳಿ ಟೀಚರ್ರೇ."

"ಕೂರೋಕೆ ಬಂದಿಲ್ಲ."

"ಹಾಗಾದ್ರೆ ನಿಂತೇ ಕೇಳಿ. ದೂರದ್ದು ಹತ್ರ ಕಾಣ್ಬೇಕು, ಕಾಡಿನ ಮಬ್ಬು ಬೆಳಕಲ್ಲೂ ಚೆಂದ ಬರ್ಬೇಕು, ಹೆಗಲಿಗೆ ಹಗೂರ ಇರ್ಬೇಕು. ಮೂರೂ ಒಂದೇ ಲೆನ್ಸಲ್ಲಿ ಸಿಗೋದಿಲ್ಲ. ಎರಡು ಆರಿಸ್ಕೊಳ್ಳಿ, ಒಂದು ಬಿಡಿ."

"ನಂಗೆ ಸಂಬಂಧ ತಂದೋರೂ ಹೀಗೇ ಹೇಳ್ತಿದ್ರು. ಅದ್ಕೇ ಮದುವೇನೇ ಬೇಡ ಅಂದೆ."

ಅವರು ನಕ್ಕುಬಿಟ್ಟರು. ಹೆಂಡತಿ ತೀರಿದ ಮೇಲೆ ಈ ಮನುಷ್ಯ ನಕ್ಕದ್ದು ಕಡಿಮೆ ಎಂದು ತಮ್ಮ ಹೇಳುತ್ತಿದ್ದ. ನರೆತ ಮೀಸೆಯ ಕೆಳಗೆ ಆ ನಗು ಚೆನ್ನಾಗಿತ್ತು. ಚೆನ್ನಾಗಿದೆ ಎಂದು ನಾನು ಗಮನಿಸಿದ್ದು ನನಗೇ ಹಿಡಿಸಲಿಲ್ಲ.

"ನಗೋದು ಬೇಡ. ನೂರರಿಂದ ನಾನೂರರ ಝೂಮ್ ಆದೀತಾ?"

"ಅಬ್ಬಾ, ಎಲ್ಲಿ ಕಲಿತ್ರಿ?"

"ಯೂಟ್ಯೂಬಲ್ಲಿ. ನೀವೊಬ್ರೇ ಅಲ್ಲ ಬುದ್ಧಿವಂತ್ರು."

"ತಿರುಗಾಟಕ್ಕೆ ಅದು ಭಾರಿ ಒಳ್ಳೇದು. ಗೋಪುರ, ಬೆಟ್ಟ, ದಾರಿಯಲ್ಲಿ ಕಂಡ ನವಿಲು, ಎಲ್ಲಕ್ಕೂ ಒಂದೇ ಸಾಕು. ಆದ್ರೆ ಧೂಪದ ಮರದ ಅಡಿ ಬೆಳಕು ಕಡಿಮೆ. ಅದ್ರಲ್ಲಿ ಚಿತ್ರ ಮಸುಕಾಗ್ತದೆ."

ಅವರು ತಮ್ಮದೇ ಒಂದು ಮುನ್ನೂರರ ಲೆನ್ಸನ್ನು ನನ್ನ ಕೈಗೆ ಕೊಟ್ಟರು. ಹಗುರವಾಗಿತ್ತು, ಬೆಳಕೂ ಇತ್ತು. ಬಸ್ ಸ್ಟ್ಯಾಂಡಿನಾಚೆ ಮೊಬೈಲ್ ಟವರಿನ ಮೇಲೆ ಕೂತ ಕಾಗೆಯನ್ನು ನೋಡಿದೆ. ಸಾಸಿವೆಯಷ್ಟೇ ಕಂಡಿತು.

"ಮರದ ಹತ್ರ ಹೋದ್ರೆ ದೊಡ್ಡದಾಗಿ ಕಾಣ್ತದಲ್ಲ" ಎಂದೆ.

"ನೀವು ಹತ್ರ ನಿಂತ್ರೆ ಗಂಡು ಬರೋದಿಲ್ಲ. ಅದು ಬರ್ದಿದ್ರೆ ಒಳಗಿರೋಳು ಉಪವಾಸ, ಮರೀನೂ ಉಪವಾಸ. ಐನೂರರದ್ದು ಬಿಟ್ಟು ಬೇರೆ ಹಿಡ್ಕೊಂಡ್ರೆ ಆ ಮರ ನಾನು ತೋರ್ಸೋದಿಲ್ಲ. ಎಷ್ಟು ಬೇಕಾದ್ರೂ ಬೈರಿ."

"ಕೊಂದ ಲೆನ್ಸನ್ನೇ ನಾನು ಹೊರಬೇಕಾ?"

"ನೀವೂ ಮಂಗಟ್ಟೆ ಹಾಗೇ ಬಾಗಿಲು ಮುಚ್ಕೊಂಡು ಕೂತಿದ್ದೀರಿ ಟೀಚರ್ರೇ."

"ನಂಗೆ ಹಣ್ಣು ತಂದು ಕೊಡೋರು ಯಾರೂ ಬೇಕಾಗಿಲ್ಲ!" ಎಂದು ಕೂಗಿ ಬಸ್ಸು ಹತ್ತಿದೆ. ದಾರಿಯಲ್ಲಿ ಮೋಸಂಬಿ ನೆನಪಾಯಿತು. ಮುಖ ಬಿಸಿಯಾಯಿತು.

*

ಮರುದಿನ ಹಟದಿಂದಲೇ ಹೊರಟೆ. ಶಿವಮೊಗ್ಗಕ್ಕೆ ಹೋಗಿ ನಾನೇ ಬದಲಾಯಿಸಿ ತರುತ್ತೇನೆ, ಮರವನ್ನು ಬೇರೆ ಯಾರನ್ನಾದರೂ ಕೇಳುತ್ತೇನೆ ಎಂದುಕೊಂಡು, ಅಲ್ಲಿಯ ತನಕ ಬರೀ ಹಿಡಿಕೆ ಹಿಡಿದು ಎತ್ತಿಡುತ್ತಿದ್ದ ಚೀಲದ ಪಟ್ಟಿಯನ್ನು ಮೊದಲ ಸಲ ಹೆಗಲಿಗೆ ಹಾಕಿದೆ.

ಚೀಲ ಜಾರಿ ನನ್ನ ಮೊಣಕಾಲಿಗೆ ಬಡಿಯಿತು.

ಪಟ್ಟಿಯನ್ನು ಯಾರೋ ಕೊನೆಯ ತೂತಿನ ತನಕ ಉದ್ದ ಮಾಡಿದ್ದರು. ಸೋಮನಾಥ ನನಗಿಂತ ಗಿಡ್ಡ. ಅವನು ಇದನ್ನು ಹೀಗೆ ಹೊತ್ತರೆ ಚೀಲ ನೆಲದ ಮೇಲೆ ಉಜ್ಜುತ್ತಿತ್ತು. ಎರಡನೆಯ ತೂತಿನ ಹತ್ತಿರ ಬಕಲ್ಲಿನ ಹಳೆಯ ಗುರುತು ಆಳವಾಗಿ ಬಿದ್ದಿತ್ತು. ಅದು ಅವನ ಅಳತೆ.

ಜಗಲಿಯಲ್ಲಿ ಕೂತುಬಿಟ್ಟೆ. ಬಸ್ಸು ಹೋಯಿತು.

ಸೋಮವಾರ ಅವರು ಬಂದಾಗ ಬೈಯಲಿಲ್ಲ. ಚೀಲವನ್ನು ಎದುರಿಗಿಟ್ಟೆ.

"ಈ ಪಟ್ಟಿ ಉದ್ದ ಮಾಡಿದ್ದು ಯಾರು?"

ಅವರು ಬಕಲ್ಲನ್ನು ಹೆಬ್ಬೆರಳಿನಿಂದ ಸವರಿದರು.

"ಯಾವಾಗ?"

"ಅವತ್ತೇ. ಏರಿನ ಬುಡದಲ್ಲಿ." ಧ್ವನಿ ತಗ್ಗಿತು. "ಕೈ ಸೋತಿದೆ, ನೀನೇ ಹೊರು ಮಾರಾಯ ಅಂದ. ನಾನು ತಮಾಷೆ ಮಾಡಿದೆ, ಮುದುಕ ಆದ್ಯಾ ಅಂತ. ಚೀಲ ನನ್ನ ಹೆಗಲಲ್ಲೇ ಇತ್ತು. ಅವನು ಬರಿಗೈಯಲ್ಲಿ ನಡೀತಿದ್ದ. ಮುಂದೆ ಮುಂದೆ."

"ಮತ್ತೆ ಇಷ್ಟು ದಿನ ಬೈಸ್ಕೊಂಡ್ರಲ್ಲ! ಒಂದು ಮಾತು ಹೇಳೋಕೆ ಬಾಯಿಗೆ ಎಂತ ಆಗಿತ್ತು?"

"ಆರಾಧನೆ ದಿನ ನಿಮ್ಮ ಪಕ್ಕದ ಮನೆ ವನಜಮ್ಮ ಹೇಳಿದ್ರು. ಟೀಚರ್ರು ಊಟಾನೇ ಬಿಟ್ಟಿದ್ರು, ನಿಮ್ಮತ್ರ ಜಗಳ ಆಡಿದ್ಮೇಲೆ ಎರಡು ತುತ್ತು ಉಂಡ್ರು ಅಂತ." ಹಣೆ ಉಜ್ಜಿಕೊಂಡರು. "ಬೈದ್ರೆ ಉಣ್ತೀರಿ ಅಂತಾದ್ರೆ ಬೈಲಿ ಅಂತ ಬಂದೆ. ಆಮೇಲಾಮೇಲೆ... ನಿಮ್ಮ ಬೈಗುಳ ಕೇಳ್ದೆ ನಂಗೇ ಸೋಮವಾರ ಕಳೀತಿರ್ಲಿಲ್ಲ."

ಅವತ್ತು ನನ್ನ ಬಾಯಿಗೆ ಬಂದ ಬೈಗುಳ ಇಷ್ಟೇ: "ಮೂರ್ಖರು ನೀವು."

"ಹೌದು."

"ಊಟ ಮಾಡ್ಕೊಂಡು ಹೋಗಿ."

*

ಆ ವಾರವೇ ಒಂದು ದಿನ, ಬೆಳಕು ಮೂಡುವ ಹೊತ್ತಿಗೆ ಧೂಪದ ಮರದಿಂದ ಬಹಳ ದೂರದಲ್ಲಿ, ಪೊದೆಯ ಹಿಂದೆ, ಅವರು ಟ್ರೈಪಾಡ್ ಊರಿದರು. ಏರಿನುದ್ದಕ್ಕೂ ಚೀಲ ಅವರ ಹೆಗಲಲ್ಲೇ ಇತ್ತು. ಸೋಮನಾಥ ಬಿದ್ದ ಜಾಗದಲ್ಲಿ ಇಬ್ಬರೂ ನಿಂತು, ವಿಭೂತಿ ಇಟ್ಟು ಬಂದೆವು.

"ಗೀರು ಬಿದ್ದದ್ದಕ್ಕೆ ಚಿತ್ರ ಕೆಡ್ತದಾ?" ಪಿಸುಗುಟ್ಟಿದೆ.

"ಸೂರ್ಯನಿಗೆ ಬೆನ್ನು ಕೊಟ್ರೆ ಕೆಡೋದಿಲ್ಲ. ಈಗ ಬಾಯಿ ಮುಚ್ಚಿ."

"ನನ್ನ ಬಾಯಿ ಮುಚ್ಸೋಕೆ ನೀವ್ಯಾರು?"

"ಶ್! ಮಂಗಳಾ, ಬಂತು."

ನನ್ನನ್ನು ಹಾಗೆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಕ್ಯಾಮೆರಾ ಬಿಟ್ಟು ಅವರ ಕಡೆ ತಿರುಗಿದೆ. ಅವರ ಕೈ ನನ್ನ ಮೊಣಕೈಯನ್ನು ಮೆಲ್ಲಗೆ ಹಿಡಿದು ಮತ್ತೆ ಮರದತ್ತ ತಿರುಗಿಸಿತು. ಗಂಡು ಮಂಗಟ್ಟೆ ಪೊಟರೆಗೆ ಅಂಟಿಕೊಂಡು ಕೂತು ಕತ್ತು ಚಾಚಿತು. ಸೀಳಿನಿಂದ ಒಂದು ಕೊಕ್ಕು ಹೊರಬಂತು. ಕೆಂಪನೆಯ ಬಸರಿ ಹಣ್ಣು ಒಂದರಿಂದ ಇನ್ನೊಂದಕ್ಕೆ ದಾಟಿತು. ನಾನು ಗುಂಡಿ ಒತ್ತಿದೆ.

ಚಿತ್ರದಲ್ಲಿ ಎಲ್ಲವೂ ಇತ್ತು. ರೆಪ್ಪೆ ಕೂಡ.

ಇಳಿಯುವ ಮೊದಲು ಅವರು ಎತ್ತಲೋ ನೋಡುತ್ತ ಹೇಳಿದರು: "ಇದನ್ನ ಮಾರೋದು ಬೇಡ. ನನ್ನ ಮುನ್ನೂರರದ್ದು ಕೊಟ್ಟು ಆ ನೂರು–ನಾನೂರರದ್ದು ತಗೊಳ್ಳೋಣ. ತಿರುಗಾಟಕ್ಕೆ."

"ಯಾರ ತಿರುಗಾಟ?"

"ಮೊನ್ನೆ ಊಟಕ್ಕೆ ಕೂತಾಗ ಶ್ರೀಶೈಲಕ್ಕೆ ಹೋಗ್ಬೇಕು ಅಂತಿದ್ರಲ್ಲ. ಒಬ್ರೇ ಹೋದ್ರೆ ದಾರಿಯುದ್ದಕ್ಕೂ ಯಾರಿಗೆ ಬೈತೀರಿ?"

"ಕೇಳೋದೂ ಜಗಳದ ಹಾಗೇ!"

"ಬೇರೆ ತರ ಕೇಳಿದ್ರೆ ನಿಮಗೆ ಅರ್ಥ ಆಗ್ತದಾ?"

ಚೀಲವನ್ನು ಎಳೆದುಕೊಂಡು ಪಟ್ಟಿಯ ಬಕಲ್ ಬಿಚ್ಚಿ ನಡುವಿನ ತೂತಿಗೆ ಹಾಕಿದೆ. ಅವರಿಗೆ ತುಸು ಗಿಡ್ಡ, ನನಗೆ ತುಸು ಉದ್ದ.

"ಸರದಿಯ ಮೇಲೆ ಹೊರೋಣ" ಎಂದೆ.

ಅವರು ನನ್ನನ್ನು ನೋಡಿದರು. ಈ ಸಲ ನಾನು ಕಣ್ಣು ತಪ್ಪಿಸಲಿಲ್ಲ.

ಆ ಚಿತ್ರ ಈಗ ತಮ್ಮನ ಫೋಟೋದ ಪಕ್ಕದಲ್ಲಿದೆ. ದಿನವೂ ಅದರ ಚೌಕಟ್ಟಿಗೆ ವಿಭೂತಿ ಇಡುತ್ತೇನೆ, ಗಾಜಿಗಲ್ಲ. ಇಟ್ಟು ಕೈಮುಗಿಯುತ್ತೇನೆ. ಪರಶಿವನೇ, ನಿನ್ನಲ್ಲಿ ಒಂದಾದ ನನ್ನ ತಮ್ಮ ಸೋಮನಾಥನಿಗೆ ಶಾಂತಿ ಕೊಡು. ಬರಿಗೈಯಲ್ಲಿ, ಮುಂದೆ ಮುಂದೆ ನಡೆದು ಬಂದವನು ಅವನು. ಅವನ ಹೆಗಲ ಮೇಲೆ ಇನ್ನು ಯಾವ ಭಾರವನ್ನೂ ಇಡಬೇಡ ತಂದೆ.