ಸತ್ಯಭಾಮಾಳ ಹಸಿರು ಶಾಯಿ

"ಇದಕ್ಕ ಶಾಯಿ ಅಂತಾರೇನ್ರೀ? ಚರಂಡಿ ನೀರು ಇದು!"

ಅಂಗಡಿಯ ಕಟ್ಟೆಗೆ ಶಾಯಿಯ ದೌತಿ ಬಡಿದ ಸದ್ದಿಗೆ ಒಳಗೆ ಬಣ್ಣ ಕಲಸುತ್ತಿದ್ದ ಸತ್ಯಭಾಮಾ ಬೆಚ್ಚಿದಳು. ಪರದೆ ಸರಿಸಿ ನೋಡಿದರೆ ಬಿಳಿ ಅಂಗಿ, ಬಿಳಿ ಧೋತರ, ಬಸ್ಸಿನ ಧೂಳು ಮೆತ್ತಿದ ಕೂದಲು... ಮೂಗಿನ ತುದಿಯಲ್ಲಿ ಕೆಂಡದಂಥ ಸಿಟ್ಟು!

"ದೇವದುರ್ಗದ ಸಾಲಿ ಮಾಸ್ತರ ನಾನು, ವಾದಿರಾಜ. ಹುಡುಗರ ಪೇಪರ್ ನಿಮ್ಮ ಹಸಿರು ಶಾಯಿಯೊಳಗ ತಿದ್ದಿದೆ. ಬಿಸಿಲಿಗೆ ಎರಡ ದಿನಕ್ಕ ಹಳದಿ ಆಗ್ಯದ! ಮಂದಿಗೆ ಮೋಸ ಮಾಡ್ಲಿಕ್ಕೇ ಅಂಗಡಿ ಇಟ್ಟೀರೇನು?"

ಅಂಗಡಿಯಲ್ಲಿ ಕೂತಿದ್ದ ಅವಳ ತಂದೆ ಗುರುರಾಜಾಚಾರ್ಯರು ಕಣ್ಣು ಕಿರಿದು ಮಾಡಿ ದೌತಿಯನ್ನು ಬೆಳಕಿಗೆ ಹಿಡಿದರು. ಪಾಪ, ಅವರ ಕಣ್ಣಿಗೆ ಪೊರೆ ಬಂದು ನೀಲಿ, ಹಸಿರು ಎಲ್ಲ ಒಂದೇ ಆಗಿತ್ತು. ಅಂಗಡಿಯ ಬಣ್ಣಗಳನ್ನೆಲ್ಲ ನೋಡುವವಳು ಮಗಳೇ.

ಮೋಸ? ನಮ್ಮಪ್ಪಗ ಮೋಸಗಾರ ಅಂದನಾ ಇವನು?!

ಸತ್ಯಭಾಮಾಳಿಗೆ ಹೆಸರಿಗೆ ತಕ್ಕ ಸಿಟ್ಟು. ಕೈಯಲ್ಲಿ ಕೆಂಪು ಶಾಯಿಯ ಬಟ್ಟಲಿತ್ತು. ಹೊರಗೆ ಬಂದವಳೇ ಅದನ್ನು ಅವನ ಎದೆಗೆ ಎರಚಿಬಿಟ್ಟಳು.

"ಇದು ಹಳದಿ ಆಗೂದಿಲ್ಲ. ಇಟ್ಕೋರಿ!"

ಅಯ್ಯೋ, ಎಂಥ ಕಾಲದಲ್ಲಿ ಎಂಥ ಕೆಲಸ ಮಾಡಿದಳು ನೋಡಿ! ಅದು ನಲವತ್ತೆಂಟರ ಬೇಸಿಗೆ. ನಿಜಾಮರ ರಾಜ್ಯ ಯಾವ ಕಡೆ ಸೇರುತ್ತದೋ ಯಾರಿಗೂ ಗೊತ್ತಿಲ್ಲ. ರಾಯಚೂರಿನ ಬೀದಿಯಲ್ಲಿ ನಾಲ್ಕು ಮಂದಿ ಗಟ್ಟಿಯಾಗಿ ಮಾತಾಡಿದರೂ ಲಾಠಿ ಬೀಳುತ್ತಿದ್ದ ದಿನಗಳು. ಎದೆಯೆಲ್ಲ ಕೆಂಪಾದ ಅವನನ್ನು ಕಂಡು ಬೀದಿಯಲ್ಲಿ ಯಾರೋ ಕೂಗಿದರು.

"ಖೂನ್! ಖೂನ್ ಆತು!"

ಧಡ್ ಧಡ್ ಎಂದು ಅಂಗಡಿಗಳ ಬಾಗಿಲು ಮುಚ್ಚಿದವು. ಇಬ್ಬರು ಪೊಲೀಸರು ಓಡಿ ಬಂದರು. ಕೇಳುವುದಕ್ಕಿಂತ ಮೊದಲೇ ಒಂದು ಏಟು ವಾದಿರಾಜನ ಭುಜಕ್ಕೆ ಬಿತ್ತು.

"ಯಾರು ಚುಚ್ಚಿದ್ದು? ಬೋಲ್!"

ಖಾಲಿ ಬಟ್ಟಲು ಇನ್ನೂ ಸತ್ಯಭಾಮಾಳ ಕೈಯಲ್ಲೇ ಇತ್ತು. ಅವನು ಅವಳ ಕಡೆ ತಿರುಗಿಯೂ ನೋಡಲಿಲ್ಲ.

"ಯಾರೂ ಚುಚ್ಚಿಲ್ಲ. ಶಾಯಿ ಇದು. ನಾನs ಮೈಮ್ಯಾಲೆ ಚೆಲ್ಲಿಕೊಂಡೆ."

"ಊರೆಲ್ಲ ಹೆದರಿಸಿದ್ಯಲ್ಲೋ!"

ಎರಡನೆಯ ಏಟು ಹುಬ್ಬಿನ ಮೇಲೆ. ನೆತ್ತರು ಇಳಿದು ಅಂಗಿಯ ಕೆಂಪಿನಲ್ಲಿ ಸೇರಿಕೊಂಡಿತು. ಬೀದಿಯವರಿಗೆ ಎಲ್ಲ ಒಂದೇ ಕೆಂಪು. ಸತ್ಯಭಾಮಾಳಿಗೆ ಮಾತ್ರ ಎರಡೂ ಬೇರೆ ಬೇರೆಯಾಗಿ ಕಾಣುತ್ತಿದ್ದವು.

ಪೊಲೀಸರು ಹೋದ ಮೇಲೆ ಅವಳು ಒದ್ದೆ ಬಟ್ಟೆ ತಂದು ಕೊಟ್ಟಳು.

"ನನ್ನ ಹೆಸರು ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮಗೂ ಬೀಳ್ತಿದ್ದವು."

"ಬೀಳಲಿ. ತಪ್ಪು ನಂದು."

"ಹಂಗಾರ ಬಿಸಿಲಿಗೆ ಹಳದಿ ಆಗದಂಥ ಹಸಿರು ಮಾಡಿ ಕೊಡ್ರಿ. ಮುಂದಿನ ಶುಕ್ರವಾರ ಸಾಲಿ ರಜಾ. ಬರ್ತೀನಿ." ಬಟ್ಟೆಯನ್ನು ಹುಬ್ಬಿಗೆ ಒತ್ತಿಕೊಂಡೇ ನಕ್ಕ. "ಎರಚಬ್ಯಾಡ್ರಿ ಮತ್ತ. ಇನ್ನೊಂದs ಬಿಳಿ ಅಂಗಿ ಅದ."

ಅವಳಿಗೆ ನಗು ಬಂತು. ಹಿಂದೆಯೇ ಅಳುವೂ ಬಂತು. ಒಳಗೆ ಓಡಿದಳು.

ನಿಜಾಮರ ರಾಜ್ಯದಲ್ಲಿ ಸಾಲಿಗೆ ವಾರದ ರಜೆ ಶುಕ್ರವಾರ. ಆ ಶುಕ್ರವಾರ ಬಂದ. ಮುಂದಿನ ಶುಕ್ರವಾರವೂ ಬಂದ. ನಿಜ ಹೇಳಬೇಕೆಂದರೆ, ವಾರಕ್ಕೊಂದು ದೌತಿ ಖಾಲಿ ಮಾಡುವಷ್ಟು ಪೇಪರ್ ದೇವದುರ್ಗದ ಯಾವ ಸಾಲಿಯಲ್ಲೂ ಇರಲಿಲ್ಲ!

ಅಂಗಡಿಯ ಹಿಂದಿನ ಅಂಗಳದಲ್ಲಿ ಹಗ್ಗ ಕಟ್ಟಿತ್ತು. ಕಾಗದದ ಪಟ್ಟಿಗಳ ಮೇಲೆ ಒಂದೊಂದು ಶಾಯಿಯಲ್ಲಿ ಒಂದೊಂದು ಗೆರೆ ಎಳೆದು ಅದಕ್ಕೆ ನೇತುಹಾಕುತ್ತಿದ್ದಳು. ಅರ್ಧ ಗೆರೆಗೆ ರಟ್ಟು ಮುಚ್ಚಿ, ಅರ್ಧ ಬಿಸಿಲಿಗೆ. ಮುಂಬೈಯ ನೀಲಿ ಗಟ್ಟಿ ನಿಂತಿತು. ಮದ್ರಾಸಿನ ಹಸಿರು ಸಂಜೆಗೇ ಬಿಳಚಿತು. ನೇರಳೆಯಂತೂ ಬೆವರಿದ ಬೆರಳು ತಾಗಿದರೆ ಹರಡಿಬಿಡುತ್ತಿತ್ತು.

"ಈ ನೇರಳೆ ಚಂದ ಅದ," ಅಂದ ವಾದಿರಾಜ.

"ಚಂದ ಇದ್ದದ್ದೆಲ್ಲ ಬಾಳಿಕಿ ಬರೂದಿಲ್ಲ, ಮಾಸ್ತರ್ರ."

"ಮಂದೀನೂ ಹಂಗs ಅಂತೀರೇನು?"

"ನಾನು ಶಾಯಿ ಮಾತಾಡ್ಲಿಕ್ಕತ್ತೀನಿ!" ಅಂದಳು. ಕಿವಿ ಮಾತ್ರ ಬಿಸಿಯಾಗಿತ್ತು.

ಕಡೆಗೊಮ್ಮೆ ನೀಲಿಗೆ ಹಳದಿ ಹಾಕಿ, ಅದಕ್ಕೆ ಕರಿಯದು ಒಂದೇ ಹನಿ ಬಿಟ್ಟು ಕಲಸಿದಳು. ಎಳೆ ಜೋಳದ ಎಲೆಯಂಥ ಹಸಿರು! ಎಂಟು ದಿನ ಬಿಸಿಲಿಗಿಟ್ಟರೂ ಕದಲಲಿಲ್ಲ. ನೀರಿನ ಹನಿ ಬಿಟ್ಟರೆ ಮಾತ್ರ ಅಂಚಿಗೆ ನೀಲಿ, ಒಳಗೆ ಹಳದಿ, ನಡುವೆ ಕೂದಲಿನಷ್ಟು ಬೂದು ಗೆರೆ ಬಿಚ್ಚಿಕೊಳ್ಳುತ್ತಿತ್ತು.

ವಾದಿರಾಜ ಆ ಪಟ್ಟಿಯನ್ನು ಬಹಳ ಹೊತ್ತು ನೋಡಿದ.

"ಇದನ್ನ ಬ್ಯಾರೆ ಯಾರಿಗೂ ಮಾರಬ್ಯಾಡ್ರಿ."

"ಯಾಕ?"

"ಯಾಕೋ... ನನಗs ಇರಲಿ ಅನಿಸ್ತು."

ಅವಳು ಯಾರಿಗೂ ಮಾರಲಿಲ್ಲ. ದೌತಿಯನ್ನು ಬಟ್ಟೆಯಲ್ಲಿ ಸುತ್ತಿ ಮೇಲಿನ ಗೂಡಿನಲ್ಲಿ ಇಡುತ್ತಿದ್ದಳು. ಶುಕ್ರವಾರ ಮಾತ್ರ ಇಳಿಸುವುದು.

ಆಷಾಢ ಬಂತು. ಶುಕ್ರವಾರ ಬಂತು. ಅವನು ಬರಲಿಲ್ಲ.

ಮುಂದಿನ ವಾರವೂ ಇಲ್ಲ. ಅದರ ಮುಂದಿನ ವಾರವೂ ಇಲ್ಲ! ಬೇಸರಾತೇನು ನನ್ನ ಮಾತು? ಸಿಟ್ಟಿನ ಹುಡುಗಿ ಬ್ಯಾಡ ಅನಿಸ್ತೇನು? ಬಸ್ಸಿನ ಸದ್ದು ಕೇಳಿದಾಗಲೆಲ್ಲ ಪರದೆ ಸರಿಸಿ, ಯಾರೂ ಇಲ್ಲದ್ದು ಕಂಡು ತನಗೆ ತಾನೇ ಬೈದುಕೊಳ್ಳುತ್ತಿದ್ದಳು.

ಅಂಥ ಹೊತ್ತಿಗೇ ಬಂದ, ಠಾಣೆಯ ಮುಖ್ಯಸ್ಥ ಅಮೀನ್‌ಸಾಹೇಬ. ಮೀಸೆಗೆ ಅತ್ತರು, ಬಾಯಿಗೆ ಬೆಲ್ಲ. ಅಂಗೈಯಲ್ಲಿ ಕಾಗದದ ಒಂದು ಹರಿದ ಮೂಲೆ. ಅದರ ಮೇಲೆ ಅಕ್ಷರವಿಲ್ಲ, ಎರಡು ಹಸಿರು ಗೆರೆ ಮಾತ್ರ.

"ಆಚಾರ್ರ, ನಿಮ್ಮ ಮಗಳಿಗೆ ಶಾಯಿ ಗುರ್ತು ಹತ್ತತದಂತ. ದೇವದುರ್ಗದಾಗ ಒಬ್ಬ ದೊಡ್ಡ ಮನುಷ್ಯಾನ ಮಗಳಿಗೆ ಯಾವನೋ ಪ್ರೇಮಪತ್ರ ಬರಿಯಾಕತ್ತಾನ. ಪಾಪ, ಮರ್ಯಾದಿ ಪ್ರಶ್ನೆ. ಯಾರ ಶಾಯಿ ಅಂತ ತಿಳಿದ್ರ ಸಾಕು."

ಸತ್ಯಭಾಮಾ ಆ ಹಸಿರು ನೋಡಿದಳು. ಅದೇ ಎಳೆ ಜೋಳದ ಎಲೆಯ ಬಣ್ಣ.

ಅಲ್ಲ. ಇರಲಿಕ್ಕಿಲ್ಲ. ಅದರ ಮೇಲೆ ನೀರಿನ ಹನಿ ಬಿಟ್ಟಳು. ಅಂಚಿಗೆ ನೀಲಿ. ಒಳಗೆ ಹಳದಿ. ನಡುವೆ ಬೂದು ಗೆರೆ...

ಇನ್ನೊಬ್ಬಾಕಿಗೆ! ನಾನು ಕಲಸಿ ಕೊಟ್ಟ ಬಣ್ಣದೊಳಗ ಇನ್ನೊಬ್ಬಾಕಿಗೆ!

"ಇದು ನಮ್ಮದೇ," ಅಂದಳು. "ಇದನ್ನ ಒಬ್ಬರಿಗೇ ಕೊಟ್ಟೀನಿ."

"ಯಾರಿಗೆ?"

"ಸತ್ಯಾ, ತಡಿ..." ತಂದೆ ಕೈ ಎತ್ತಿದರು.

"ವಾದಿರಾಜ ಮಾಸ್ತರಗ! ದೇವದುರ್ಗದವರಿಗೆ!"

ಅಮೀನ್ ನಕ್ಕ. ಆ ನಗು ನೋಡಿದ ಮೇಲೆ ಅವಳಿಗೆ ಎಲ್ಲೋ ತಪ್ಪಿತು ಅನಿಸಿತು. ಆದರೆ ಬಾಯಿಂದ ಹೊರಬಿದ್ದ ಮಾತನ್ನು ಯಾರು ಹಿಡಿಯಬೇಕು?

ಮಾರನೆಯ ದಿನ ಮಧ್ಯಾಹ್ನ ಪಕ್ಕದ ಮನೆಯ ಮುನವ್ವರ್ ಬೀ ಓಡುತ್ತ ಬಂದಳು. ಅವಳ ತಮ್ಮ ಠಾಣೆಯಲ್ಲಿ ನೀರು ತುಂಬುವವನು.

"ಬೇಟೀ, ನಿಮ್ಮ ಮಾಸ್ತರನ್ನ ಎಳಕೊಂಡು ಬಂದಾರ! ಪ್ರೇಮಪತ್ರ ಅಲ್ಲವ್ವಾ ಅದು. 'ಹೆದರಬ್ಯಾಡ್ರಿ, ನಾವು ಭಾರತಕ್ಕ ಸೇರಬೇಕು' ಅಂತ ಸಂತಿಯಾಗ ಗೋಡಿಗೆ ಹಚ್ಚಿದ ಕಾಗದ! ಅದನ್ನ ಬರದು ಹಚ್ಚಾಕಂತ ಊರೂರು ತಿರುಗಾಕತ್ತಿದ್ನಂತ, ಇಷ್ಟು ವಾರ."

ಸತ್ಯಭಾಮಾ ಅವಳ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಉಳಿದವರ ಹೆಸರು ಹೇಳು ಅಂತ ಬರಿಯೋ ಕೈನ ಕಲ್ಲಿನ ಮ್ಯಾಲಿಟ್ಟು ಜಜ್ಜಾಕತ್ತಾರ. ಬಾಯಿ ಬಿಟ್ಟಿಲ್ಲ. ಉಳಿದ ಕಾಗದೆಲ್ಲ ಮಳಿಗೆ ತೊಯ್ದು ಹೋಗ್ಯಾವ. ಸಾಕ್ಷಿಗೆ ಮೂಲಿ ಹರದ ಆ ಕಾಗದೊಂದೇ. ನಾಳೆ ಅದು ಹೈದರಾಬಾದಿಗೆ ಹೋದ್ರ... ಆ ಹುಡುಗ ಉಳಿಯೂದಿಲ್ಲ ಬೇಟೀ."

ಕೊಂದೆ. ನನ್ನ ನಾಲಿಗಿ ಅವರನ್ನ ಕೊಂದುಹಾಕ್ತು.

ಅತ್ತುಕೊಂಡು ಕೂಡುವ ಹುಡುಗಿಯೇ ಅವಳು? ಒಳಗೆ ಹೋಗಿ ಕರಿ ಶಾಯಿಯ ದೊಡ್ಡ ಬಾಟಲಿ ತೆಗೆದುಕೊಂಡು ಸೆರಗಿನಡಿ ಹಿಡಿದಳು. ಬಿರಡೆ ಸಡಿಲ ಮಾಡಿಕೊಂಡು ನೆಟ್ಟಗೆ ಠಾಣೆಗೆ ನಡೆದಳು. ಹಿಂದೆ ಮುನವ್ವರ್ ಬೀ, ಅವಳ ಹಿಂದೆ ತಡವರಿಸುತ್ತ ತಂದೆ.

"ಅಮೀನ್‌ಸಾಹೇಬ್ರ, ನನಗ ಅನುಮಾನ ಬಂದದ. ಮದ್ರಾಸಿನ ಹಸಿರೂ ಹಿಂಗs ಬಿಚ್ಚಿಕೊಳ್ತದ. ಪೂರ್ತಿ ಕಾಗದ ತೋರಿಸ್ರಿ, ಹೋಲಿಸಿ ನೋಡ್ತೀನಿ. ದೊಡ್ಡವರ ಮುಂದ ಸಾಕ್ಷಿ ತಪ್ಪಾಗಬಾರದಲ್ರೀ?"

ಅಮೀನ್ ಮೀಸೆ ತಿರುವಿ ಕಾಗದವನ್ನು ಮೇಜಿನ ಮೇಲೆ ಹಾಸಿದ. ಅವಳ ಹಸಿರು! ಸಾಲು ಸಾಲಾಗಿ ಅವಳ ಹಸಿರು...

ಬಾಟಲಿ ಬೋರಲಾಯಿತು. ಗಳಗಳ ಸುರಿದ ಕಪ್ಪು ಕಾಗದವನ್ನು ನುಂಗಿ, ಮೇಜು ಇಳಿದು ಅಮೀನನ ಬೂಟಿನ ಮೇಲೆ ಹರಿಯಿತು. ಸಾಲದ್ದಕ್ಕೆ ಎರಡೂ ಕೈಯಿಂದ ಅದನ್ನು ತಿಕ್ಕಿ ತಿಕ್ಕಿ ಮುದ್ದೆ ಮಾಡಿಬಿಟ್ಟಳು!

"ಹರಾಮ್‌ಜಾದೀ!"

ಲಾಠಿ ಅವಳ ಬಲ ಮಣಿಕಟ್ಟಿಗೆ ಬಿತ್ತು. ಎಲುಬು ಲಟಕ್ ಎಂದದ್ದು ಬಾಗಿಲಲ್ಲಿದ್ದ ತಂದೆಗೂ ಕೇಳಿಸಿತು. ಮತ್ತೊಂದು ಬೆನ್ನಿಗೆ. ಮತ್ತೊಂದು ಬೀಳುವುದರೊಳಗೆ ಮುನವ್ವರ್ ಬೀ ಅವಳ ಮೇಲೆ ಬಿದ್ದು ಅಪ್ಪಿಕೊಂಡಳು.

"ನನ್ನನ್ನೂ ಹೊಡೀರಿ! ಹೆಣ್ಣಮಕ್ಕಳ ಮ್ಯಾಲೆ ಕೈ ಮಾಡೋ ಗಂಡಸು ನೀವು! ಊರಿಗೆಲ್ಲ ಹೇಳ್ತೀನಿ!"

ಅವಳ ಕೂಗಿಗೆ ಬೀದಿ ಮಂದಿಯೆಲ್ಲ ಠಾಣೆಯ ಮುಂದೆ ಸೇರಿತು. ಅಮೀನನ ಕೈ ಮೇಲೆಯೇ ನಿಂತಿತು.

ನೆಲದ ಮೇಲಿಂದ ಸತ್ಯಭಾಮಾ ತಲೆ ಎತ್ತಿದಳು. ಕಂಬಿಗಳ ಹಿಂದೆ ಅವನು! ಮುಖ ಬಾತಿತ್ತು, ಬಲಗೈ ನೆತ್ತರಿನ ಬಟ್ಟೆಯ ಗಂಟಾಗಿತ್ತು. ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ... ಮುಖ ತಿರುಗಿಸಿ ಗೋಡೆಯ ಕಡೆ ನಿಂತ.

ಮುರಿದ ಕೈಗಿಂತ ಅದು ಹೆಚ್ಚು ನೋಯಿತು.

ಮಂದಿಗೆ ಅಂಜಿ ಅಮೀನ್ ಅವಳನ್ನು ಹಿಡಿದಿಡದೆ ಕಳಿಸಿದ. ಆದರೆ ಆ ಸಂಜೆ ಯಾರೋ ಅಂಗಡಿಗೆ ಬೆಂಕಿ ಇಟ್ಟರು. ಯಾರ ಮಾತಿನಿಂದ ಇಟ್ಟರೆಂದು ಊರಿಗೆಲ್ಲ ಗೊತ್ತು. ದೌತಿಗಳು ಪಟಪಟ ಒಡೆದು ಕೆಂಪು, ನೀಲಿ, ಹಸಿರೆಲ್ಲ ಕಲೆತು ಚರಂಡಿ ಸೇರಿದವು. ಅಪ್ಪ, ಮಗಳು ಮುನವ್ವರ್ ಬೀಯ ಮನೆಯಲ್ಲಿ ಉಳಿದರು. ಆಚಾರ್ಯರಿಗೆ ಅಡಿಗೆಗೆ ಬೇರೆ ಒಲೆ ಹೂಡಿಕೊಟ್ಟಳು ಆ ತಾಯಿ.

ಸೆಪ್ಟೆಂಬರ್‌ನಲ್ಲಿ ಭಾರತದ ಸೈನ್ಯ ಬಂತು. ಅಮೀನ್ ಬೂಟು ಬಿಟ್ಟು ಓಡಿಹೋದ ಅಂತ ಮಂದಿ ನಕ್ಕರು. ಠಾಣೆಯ ಬಾಗಿಲು ತೆರೆಯಿತು. ಸಾಕ್ಷಿಯಿಲ್ಲದೆ ಹೈದರಾಬಾದಿಗೆ ಕಳಿಸಲಾಗದೆ ಇಲ್ಲೇ ಕೊಳೆಹಾಕಿದ್ದ ವಾದಿರಾಜನೂ ಹೊರಬಂದ.

ಆದರೆ ಅವಳ ಹತ್ತಿರ ಬರಲಿಲ್ಲ. ನೆಟ್ಟಗೆ ಮಾನ್ವಿಗೆ, ತಾಯಿಯ ಮನೆಗೆ ಹೋದನಂತೆ.

ಬರಬ್ಯಾಡ್ರಿ. ನಾನs ಬರ್ತೀನಿ. ಬೈಸಿಕೊಂಡಾದರೂ ಬರ್ತೀನಿ.

ಕೈಗೆ ಕಟ್ಟಿದ್ದ ಬಿದಿರಿನ ಪಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮುನವ್ವರ್ ಬೀಯನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದಳು.

ಮಾನ್ವಿಯ ಮನೆಯಲ್ಲಿ ಅವನ ತಾಯಿ ಅಹಲ್ಯಾಬಾಯಿ ಅವಳನ್ನು ನೋಡಿದರು. ಕೈ ನೋಡಿದರು. ಯಾರು ಅಂತ ಕೇಳಲೇ ಇಲ್ಲ.

"ಒಳಗ ಹೋಗವ್ವಾ. ಊಟಕ್ಕ ಕೂತಾನ. ಎಡಗೈಲೆ ರೊಟ್ಟಿ ಮುರೀಲಿಕ್ಕೆ ಬರೂದಿಲ್ಲ, ನಾ ಮುರದು ಕೊಡ್ತೀನಿ ಅಂದ್ರ ಒಲ್ಲೆ ಅಂತಾನ." ಮುನವ್ವರ್ ಬೀಯನ್ನು ಕಟ್ಟೆಯ ಮೇಲೆ ಕೂಡಿಸಿ ತಾವೂ ಅಲ್ಲೇ ಕೂತರು.

ವಾದಿರಾಜ ಎದ್ದು ನಿಂತ. ಬಲಗೈಯ ಬೆರಳುಗಳು ಸೊಟ್ಟಗೆ ಕೂಡಿಕೊಂಡಿದ್ದವು.

ಅವಳು ಬಾಗಿಲಲ್ಲೇ ನಿಂತು, ತಡೆಯಲಾರದೆ ಎಲ್ಲವನ್ನೂ ಒಮ್ಮೆಲೇ ಹೇಳಿಬಿಟ್ಟಳು.

"ನಿಮ್ಮ ಹೆಸರು ಹೇಳಿದ್ದು ನಾನs! ಬ್ಯಾರೆ ಹುಡುಗಿಗೆ ಪ್ರೇಮಪತ್ರ ಬರದೀರಿ ಅಂತ ಆ ಪಾಪಿ ಸುಳ್ಳು ಹೇಳಿದ. ಹೊಟ್ಟಿಕಿಚ್ಚಿಗೆ ಹೇಳಿಬಿಟ್ಟೆ! ಬೈರಿ, ಹೊಡೀರಿ... ಅವತ್ತಿನಗತೆ ಮುಖ ಮಾತ್ರ ತಿರುಗಿಸಬ್ಯಾಡ್ರಿ!"

"ಅಳ್ಲಿಕ್ಕತ್ತಿದ್ದೆ, ಸತ್ಯಾ."

"ಏನು?"

"ನಿನ್ನ ಕೈಮ್ಯಾಲೆ ಲಾಠಿ ಬಿದ್ದಾಗ ಅಳು ತಡೀಲಿಲ್ಲ. ಅದನ್ನ ಆ ಅಮೀನ ಕಂಡಿದ್ರ, ನನ್ನ ಬಾಯಿ ಬಿಡಸ್ಲಿಕ್ಕೆ ನಿನ್ನನ್ನs ಹೊಡೀತಿದ್ದ. ಅದಕ್ಕ ಗೋಡಿ ಕಡೆ ತಿರುಗಿದೆ."

ಅವಳು ಹೊಸ್ತಿಲು ದಾಟಿ ಒಳಗೆ ಬಂದಳು.

"ಮತ್ತ... ಬಿಡುಗಡಿ ಆದ ಮ್ಯಾಲೆ ಯಾಕ ಬರಲಿಲ್ಲ?"

"ಯಾವ ಮುಖ ಇಟ್ಕೊಂಡು ಬರ್ಲಿ? ಅಂಗಡಿ ಸುಡಸಿದೆ, ನಿನ್ನ ಕೈ ಮುರಸಿದೆ. ಕರಿ ಶಾಯಿಯೊಳಗ ಬರದಿದ್ರ ಯಾರಿಗೂ ಗುರ್ತು ಹತ್ತತಿರಲಿಲ್ಲ. ಊರಾಗ ಎಲ್ಲಾರ ಮನಿಯಾಗೂ ಕರೀದs ಇರ್ತದ. ನನ್ನ ಮುಂದೂ ಕರಿ ದೌತಿ ಇತ್ತು ಸತ್ಯಾ. ಪೆನ್ನಿನ ಟಾಕು ಅದರಾಗ ಅದ್ದಿದ್ದೆ. ಮತ್ತ ತೊಳದು ಇಟ್ಟೆ."

"ಯಾಕ?"

"ಜೀವ ಹೋದರೂ ಹೋಗಬಹುದು ಅಂತ ಗೊತ್ತಿದ್ದ ಮಾತು ಅದು. ನೀನು ಕಲಸಿದ್ದನ್ನ ಬಿಟ್ಟು ಬ್ಯಾರೆ ಬಣ್ಣದೊಳಗ ಅದನ್ನ ಬರೀಲಿಕ್ಕೆ ಮನಸ್ಸಾಗಲಿಲ್ಲ."

ಸತ್ಯಭಾಮಾ ಎಡಗೈ ಎತ್ತಿ ಅವನ ಎದೆಗೆ ಗುದ್ದಿದಳು. ಮತ್ತೆ ಗುದ್ದಿದಳು.

"ಹುಚ್ಚರಿದ್ದೀರೇನು? ಸಾಯ್ತಿದ್ರಲ್ರೀ! ಒಂದು ಬಣ್ಣದ ಸಲುವಾಗಿ ಸಾಯ್ತಿದ್ರಲ್ಲ! ನೀವು ಹೋಗಿಬಿಟ್ಟಿದ್ರ ನಾನು ಏನು ಮಾಡಬೇಕಿತ್ತು?"

ಗುದ್ದುತ್ತಲೇ ಅವನ ಎದೆಗೆ ಹಣೆ ಒತ್ತಿ ಅತ್ತಳು. ಅವನು ತನ್ನ ಸೊಟ್ಟ ಬೆರಳುಗಳನ್ನು ಅವಳ ತಲೆಯ ಮೇಲೆ ಇಟ್ಟ. ಇಬ್ಬರೂ ಹಾಗೆಯೇ ನಿಂತಿದ್ದರು, ಹೊರಗೆ ಅಹಲ್ಯಾಬಾಯಿ ಬೇಕಂತಲೇ ಕೆಮ್ಮುವವರೆಗೆ.

ಅವಳು ಕಣ್ಣೊರೆಸಿಕೊಂಡು ತಾಟಿನ ಮುಂದೆ ಕೂತಳು. ಒಣಗಿದ ಜೋಳದ ರೊಟ್ಟಿ ಮುರಿಯದೆ ಹಾಗೇ ಇತ್ತು.

"ಆ ಕಡೆ ಹಿಡೀರಿ."

"ಹಿಡದೀನಿ."

ಇಬ್ಬರ ಎಡಗೈ ಸೇರಿ ಎಳೆದಾಗ ರೊಟ್ಟಿ ಮುರಿಯಿತು. ಅವಳು ಪಲ್ಯ ಹಚ್ಚಿ ಒಂದು ತುತ್ತು ಅವನ ಬಾಯಿಗಿಟ್ಟಳು.

"ರಾಯಚೂರಿಗೆ ಬರ್ರಿ. ಅಪ್ಪನ ಹತ್ರ ನೀವs ಕೇಳಬೇಕು."

"ಕೇಳ್ತೀನಿ. ಮುರಿದ ಕೈ ಮಾಸ್ತರಗ ಮಗಳನ್ನ ಕೊಡ್ತಾರೇನು?"

"ಅವರು ಕೊಡೂದೇನು ಬಂತು? ನಾನs ಬಂದೀನಲ್ಲ!"

ವಾದಿರಾಜ ನಕ್ಕ. ಠಾಣೆಯಲ್ಲಿ ಕಡೆಯವರೆಗೂ ತಿಂದ ಏಟಿಗೆ ಒಡೆದ ತುಟಿ ಇನ್ನೂ ಪೂರ್ತಿ ಮಾಯ್ದಿರಲಿಲ್ಲ, ನೋವಾಗಿರಬೇಕು. ಆದರೂ ನಗುವುದನ್ನು ನಿಲ್ಲಿಸಲಿಲ್ಲ.

"ಇನ್ನೊಂದು ತುತ್ತು ಕೊಡು, ಸತ್ಯಾ."

"ಮೊದಲು ಬಾಯಾಗಿಂದು ನುಂಗ್ರಿ."